ನಮ್ಮ ಸಭಾಭವನ ಇಂಟರ್ನೆಟ್ ಹತ್ತಿದ್ದು

ದೇವರ ಕೆಲಸಕ್ಕೆಂದು ನಾಲ್ಕು ಜನ ಒಟ್ಟು ಸೇರಿದಲ್ಲಿ ನಗುವಂಥದ್ದು ಏನಾದರೊಂದು ಆಗಿಯೇ ಆಗುತ್ತದೆ. ನಾನು ಬಹಳ ವರ್ಷ ನಮ್ಮೂರ ಭಜನಾ ಮಂದಿರದ ಕಾರ್ಯದರ್ಶಿಯಾಗಿದ್ದವನು. ಮಂಗಳಾರತಿಯ ಹೊತ್ತಿಗೆ ನಗು ತಡೆದುಕೊಂಡು ನಿಂತ ದಿನಗಳು ಕಡಿಮೆಯಲ್ಲ. ವೆಬ್‌ಸೈಟ್ ಮಾಡಿಸಿದ ವರ್ಷ ಮಾತ್ರ ತಡೆಯುವುದಕ್ಕೆ ಆಗಲೇ ಇಲ್ಲ.

ಮಂದಿರದ ಪಕ್ಕದಲ್ಲಿ ನಾವೆಲ್ಲ ಶ್ರಮದಾನ ಮಾಡಿ ಒಂದು ಸಭಾಭವನ ಕಟ್ಟಿದ್ದೆವು. ಪೆರ್ಲ ಪೇಟೆಯಿಂದ ಸ್ವಲ್ಪ ಒಳಗೆ, ಗುಡ್ಡದ ತಲೆಯಲ್ಲಿ, ಸುತ್ತಲೂ ಕಿಟಕಿ. ಆದರೆ ಮದುವೆಗೆ ಜನ ಪೇಟೆಯ ಏಸಿ ಹಾಲಿಗೇ ಹೋಗುತ್ತಿದ್ದರು. ಅಷ್ಟರಲ್ಲಿ ಸಿಮೆಂಟ್ ವ್ಯಾಪಾರಿಯೊಬ್ಬರು ನಮ್ಮ ಭವನವನ್ನು ಗೋದಾಮಿಗೆ ಕೇಳಿದರು. ಅಧ್ಯಕ್ಷರು ಹೇಳಿದರು, "ಮುಂದಿನ ಮಹಾಸಭೆಯ ಒಳಗೆ ಒಂದು ಮದುವೆಯಾದರೂ ಬುಕ್ ಆಗಬೇಕು. ಆಗದಿದ್ದರೆ ಸಿಮೆಂಟಿಗೇ ಕೊಡುವುದು."

ತಲೆಯಲ್ಲಿ ಕೆಂಪುಕಲ್ಲು ಹೊತ್ತು ಕಟ್ಟಿದ ಜಾಗ. ಅಲ್ಲಿ ಹಸೆಮಣೆಯ ಬದಲು ಸಿಮೆಂಟ್ ಮೂಟೆ ಕೂರುವುದನ್ನು ನೆನೆಸಿದರೆ ನನಗೆ ಊಟ ಸೇರುತ್ತಿರಲಿಲ್ಲ. ಪೇಟೆಯಲ್ಲಿ ಕಂಪ್ಯೂಟರ್ ಸೆಂಟರ್ ನಡೆಸುವ ಟೀಚರ ಹತ್ತಿರ ಹೋಗಿ ಕಷ್ಟ ಹೇಳಿಕೊಂಡೆ.

"ಈಗ ಜನ ಹಾಲು, ತರಕಾರಿ, ಮದುವೆ ಹಾಲ್ ಎಲ್ಲಾ ಫೋನಿನಲ್ಲೇ ಹುಡುಕುವುದು ಅಣ್ಣ. ಒಂದು ವೆಬ್‌ಸೈಟ್ ಮಾಡುವ" ಎಂದರು ಅವರು.

ಹತ್ತು ಸಮಸ್ತರು

ಮೊದಲ ಪುಟಕ್ಕೆ ವಿಷಯ ಬರೆದು ಕೊಡಿ ಎಂದರು ಟೀಚರ್. ನಮಗೆ ಗೊತ್ತಿರುವುದು ಆಮಂತ್ರಣ ಪತ್ರಿಕೆ ಬರೆಯುವ ಕ್ರಮ. ಹಾಗೆಯೇ ಬರೆದೆ. ಮೇಲೆ ಶ್ಲೋಕ, ಆಮೇಲೆ ಗೌರವಾಧ್ಯಕ್ಷರು, ಅಧ್ಯಕ್ಷರು, ಉಪಾಧ್ಯಕ್ಷರು, ಮಾತೃಮಂಡಳಿ, ಯುವಕ ಮಂಡಲ, ಊರಿನ ಹತ್ತು ಸಮಸ್ತರು. ಫೋನ್ ನಂಬ್ರ ಎಲ್ಲಕ್ಕಿಂತ ಕೆಳಗೆ.

ಟೀಚರ್ ಅದನ್ನು ಹಾಗೆಯೇ ಫೋನಿನಲ್ಲಿ ತೆರೆದು, ಹೆಬ್ಬೆರಳಿನಲ್ಲಿ ಪುಟವನ್ನು ಮೇಲೆ ಮೇಲೆ ತಳ್ಳಿದರು. ತಳ್ಳುತ್ತಲೇ ಇದ್ದರು. "ಅಣ್ಣ, ಮದುವೆಗೆ ಹಾಲ್ ಹುಡುಕುವವರಿಗೆ ಈ ನಂಬ್ರ ಸಿಗುವಾಗ ಮಗು ಹುಟ್ಟಿ ನಾಮಕರಣಕ್ಕೇ ಹಾಲ್ ಕೇಳಿಯಾರು. ಬೇಕಾದ್ದು ಮೇಲೆ ಇರಬೇಕು. ಹೆಸರುಗಳು ಬೇರೆ ಪುಟಕ್ಕೆ ಹೋಗಲಿ."

ಇದನ್ನು ಅಧ್ಯಕ್ಷರಿಗೆ ಹೇಳಲು ನನಗೆ ಅಂಜಿಕೆ. ಹೇಳಿದಾಗ ಅವರ ಮುಖ ಸಣ್ಣದಾಯಿತು.

"ನನ್ನ ಹೆಸರು ಇರಬೇಕಾದಲ್ಲಿ ಒಂದು ನಂಬ್ರವಾ? ಯಾರ ನಂಬ್ರ ಅದು?"

"ನಿಮ್ಮದೇ."

"ಹಾಗಾದರೆ ಸ್ವಲ್ಪ ದೊಡ್ಡದಾಗಿ ಹಾಕಲಿ."

ಜಾಗಟೆ

ವೆಬ್‌ಸೈಟ್ ತೆರೆದ ಕೂಡಲೇ ಗಂಟೆ ಜಾಗಟೆ ಕೇಳಬೇಕೆಂದು ಕೋಶಾಧಿಕಾರಿಗಳ ಆಸೆ. ಟೀಚರ್ ಬೇಡವೆಂದರು. "ಯಾರು ಎಲ್ಲಿ ಕೂತು ತೆರೆಯುತ್ತಾರೋ ನಮಗೆ ಗೊತ್ತಿಲ್ಲ. ಕೇಳದೆ ಶಬ್ದ ಮಾಡಬಾರದು."

ಕೋಶಾಧಿಕಾರಿಗಳು, "ದೇವರ ಗಂಟೆಗೂ ಕೇಳಿ ಕೇಳಿ ಬಡಿಯುವುದುಂಟೋ?" ಎಂದರು. ಹಾಕಿಸಿದೆವು.

ಮರುವಾರ ಅಧ್ಯಕ್ಷರು ಒಂದು ಸಾವಿನ ಮನೆಗೆ ಹೋಗಿದ್ದರು. ಜಗಲಿಯಲ್ಲಿ ಪಕ್ಕದಲ್ಲಿ ಕೂತವರು ಮೆಲ್ಲಗೆ ಸಭಾಭವನದ ವಿಷಯ ಕೇಳಿದರಂತೆ. ಇವರು ಇನ್ನೂ ಮೆಲ್ಲಗೆ ಫೋನ್ ತೆಗೆದು ತೋರಿಸಿದರು. ಜಾಗಟೆ ಶುರುವಾಯಿತು. ಒಳಗೆ ಅಳುತ್ತಿದ್ದವರೂ ಅಭ್ಯಾಸದಿಂದ ಎದ್ದು ಕೈಮುಗಿದರು. ಅಧ್ಯಕ್ಷರು ಫೋನನ್ನು ಶಾಲಿನಲ್ಲಿ ಸುತ್ತಿ, ಅದರ ಮೇಲೆ ಕೂತರೂ ಗಂಟೆ ನಿಲ್ಲಲಿಲ್ಲ. ಅಂತೂ ನಿಂತಾಗ ಕಿವಿ ಮಂದವಾದ ಅಜ್ಜಿಯೊಬ್ಬರು ಹೊರಗೆ ಬಂದು ಅವರ ಮುಂದೆ ಅಂಗೈ ಒಡ್ಡಿದರು. "ತೀರ್ಥ ಕೊಡಿ."

ಶ್ರೀ

ಜಾಗಟೆ ತೆಗೆಸಿದ ಮೇಲೆ, ಪ್ರತಿ ಪುಟಕ್ಕೂ ಒಂದು ಶೀರ್ಷಿಕೆ ಬೇಕೆಂದು ಟೀಚರ್ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಚಹಾ ತರಲು ಹೋದರು. ಪುಟದ ತಲೆಯಲ್ಲಿ ಶ್ರೀ ಬರೆಯದೆ ಒಂದಕ್ಷರವೂ ಬರೆಯಬಾರದೆಂದು ನಮಗೆ ಒಂದನೇ ಕ್ಲಾಸಿನಲ್ಲೇ ಕಲಿಸಿದ್ದರು. ಎಲ್ಲಾ ಪುಟಗಳಿಗೂ "ಶ್ರೀ" ಎಂದು ಬರೆದು ನೆಮ್ಮದಿಯಿಂದ ಮನೆಗೆ ಬಂದೆ.

ಕೆಲವು ದಿನ ಕಳೆದು ಟೀಚರ್ ಕರೆದು ತೋರಿಸಿದರು. ನಮ್ಮ ಭವನವನ್ನು ಹುಡುಕಿದರೆ ಸಾಲಾಗಿ ಶ್ರೀ, ಶ್ರೀ, ಶ್ರೀ. ಅಡುಗೆ ಕೋಣೆಯ ಪುಟ ಯಾವುದು, ದಾರಿ ಹೇಳುವ ಪುಟ ಯಾವುದು ಒಂದೂ ತಿಳಿಯದು.

"ಇದು ದೇವರಿಗೆ ಅರ್ಥವಾದೀತು ಅಣ್ಣ. ಸರ್ಚಿಗೆ ಆಗುವುದಿಲ್ಲ" ಎಂದು ಅವರು "ಪೆರ್ಲದ ಹತ್ತಿರ ಮದುವೆ ಹಾಲ್" ಎಂದು ಬರೆದರು.

ನನ್ನ ಮನಸ್ಸು ಒಪ್ಪಲಿಲ್ಲ. ಮನೆಗೆ ಬಂದು ಫೋನಿನಲ್ಲಿ ಆ ಪುಟ ತೆರೆದು, ಅದರ ತಲೆಯ ಮೇಲೆ ಬೆರಳಿನಿಂದಲೇ ಶ್ರೀ ಬರೆದೆ. ಬೆರಳು ನಂಬ್ರಕ್ಕೆ ತಾಗಿತು.

"ಹಲೋ, ಯಾವ ತಾರೀಕಿಗೆ ಮದುವೆ?" ಎಂದು ಅಧ್ಯಕ್ಷರು ಬಹಳ ಆಸೆಯಿಂದ ಕೇಳಿದರು.

ಕಂಡದ್ದನ್ನು ಕಂಡ ಹಾಗೆ

ಕೊನೆಯ ಕೆಲಸ, ಪ್ರತಿ ಚಿತ್ರಕ್ಕೂ ವಿವರಣೆ ಬರೆಯುವುದು. "ಕಣ್ಣು ಕಾಣದವರಿಗೆ ಫೋನ್ ಅದನ್ನು ಓದಿ ಹೇಳುತ್ತದೆ. ನೆಟ್ ಕಡಿಮೆ ಇದ್ದಲ್ಲಿ ಚಿತ್ರದ ಬದಲು ಅದೇ ಕಾಣುತ್ತದೆ. ಹೊಗಳಿಕೆ ಬೇಡ, ಕಂಡದ್ದನ್ನು ಕಂಡ ಹಾಗೆ ಬರೆಯಿರಿ" ಎಂದರು ಟೀಚರ್.

ಮಂದಿರದ ಕೆಲಸದಲ್ಲಿ ಸುಳ್ಳು ಬರೆಯಲು ನನಗೂ ಮನಸ್ಸಿಲ್ಲ. ಉದ್ಘಾಟನೆಯ ಚಿತ್ರಕ್ಕೆ ಹೀಗೆ ಬರೆದೆ: "ಮಧ್ಯಾಹ್ನದ ಹೊತ್ತು. ಅಧ್ಯಕ್ಷರು ಮೈಕಿನಲ್ಲಿ ಮಾತಾಡುತ್ತಿದ್ದಾರೆ. ಹಿಂದೆ ಕಿಟಕಿಯ ಪಕ್ಕ ಕೋಶಾಧಿಕಾರಿಗಳು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಾರೆ."

ಚಿತ್ರದಲ್ಲಿ ಕೋಶಾಧಿಕಾರಿಗಳು ಮೂಲೆಯಲ್ಲಿ ಸಣ್ಣಕ್ಕೆ ಇದ್ದರು. ಯಾರಿಗೂ ಕಾಣುತ್ತಿರಲಿಲ್ಲ. ಆದರೆ ನಮ್ಮೂರ ನೆಟ್ಟಿಗೆ ಚಿತ್ರ ಎಳೆಯುವ ಶಕ್ತಿ ಇಲ್ಲ. ಊರಿಗೆ ಊರೇ ನನ್ನ ಅಕ್ಷರ ಓದಿತು.

ಮಹಾಸಭೆಗೆ ಕೋಶಾಧಿಕಾರಿಗಳು ಕೆಂಡವಾಗಿ ಬಂದರು. "ನಾನು ಧ್ಯಾನ ಮಾಡುತ್ತಿದ್ದದ್ದು."

"ಬಾಯಿ ಯಾಕೆ ತೆರೆದದ್ದು ಮಾರಾಯ್ರೆ?" ಎಂದರು ಅಧ್ಯಕ್ಷರು.

"ಓಂಕಾರ."

ಆ ಸಾಲನ್ನು ಕೂಡಲೇ ಅಳಿಸಬೇಕೆಂದು ನಿರ್ಣಯವಾಯಿತು. ಅದುವರೆಗೆ ಒಂದು ಮದುವೆಯೂ ಬಂದಿರಲಿಲ್ಲ. ಸಿಮೆಂಟ್ ವ್ಯಾಪಾರಿ ಜಗಲಿಯಲ್ಲೇ ಕಾಯುತ್ತಿದ್ದರು. ಅವರನ್ನು ಒಳಗೆ ಕರೆಯುವಷ್ಟರಲ್ಲಿ ಅಧ್ಯಕ್ಷರ ಫೋನ್ ರಿಂಗಾಯಿತು. ಎಲ್ಲರಿಗೂ ಕೇಳುವಂತೆ ಇಟ್ಟರು.

ಮೀಂಜದ ಕಡೆಯ ಹಿರಿಯರೊಬ್ಬರು ಮಾತಾಡಿದರು. "ನನಗೆ ಕಣ್ಣು ಕಾಣುವುದಿಲ್ಲ. ಮೊಮ್ಮಗಳ ಮದುವೆ ಮೇ ತಿಂಗಳಲ್ಲಿ ಉಂಟು. ಎಲ್ಲಾ ಹಾಲಿನದ್ದೂ ಫೋನಿನಲ್ಲಿ ಓದಿಸಿ ಕೇಳಿದೆ. ಎಲ್ಲವೂ ಭವ್ಯ, ಎಲ್ಲವೂ ಸುಸಜ್ಜಿತ. ನಂಬುವುದು ಹೇಗೆ? ನಿಮ್ಮಲ್ಲಿ ಮಾತ್ರ ಮಧ್ಯಾಹ್ನದ ಸೆಕೆಗೆ, ಮೈಕಿನ ಗಲಾಟೆಯಲ್ಲಿ, ಒಬ್ಬರಿಗೆ ನಿದ್ದೆ ಬಂದಿದೆ. ಅಷ್ಟು ಗಾಳಿ ಇರುವ ಹಾಲ್ ನಮಗೆ ಸಾಕು."

ನಾನು ಮಂದಿರದ ಕಡೆ ತಿರುಗಿ ಕೈಮುಗಿದೆ. ತಾರೀಕು ಗಟ್ಟಿಯಾಯಿತು. ಸಿಮೆಂಟ್ ವ್ಯಾಪಾರಿಗೆ ಚಹಾ ಕೊಟ್ಟು ಕಳುಹಿಸಿದೆವು.

ಆಮೇಲೆ ನಾನು ಕೋಶಾಧಿಕಾರಿಗಳ ಹತ್ತಿರ ಹೋಗಿ, "ಬೇಸರ ಮಾಡಬೇಡಿ, ನಾಳೆಯೇ ಆ ಸಾಲು ತೆಗೆಸುತ್ತೇನೆ" ಎಂದೆ.

ಅವರು ಗಂಭೀರವಾಗಿ ನನ್ನ ಕೈ ಹಿಡಿದುಕೊಂಡರು.

"ತೆಗೆಯುವುದು ಬೇಡ. ಆದರೆ ಕೋಶಾಧಿಕಾರಿ ಅಂತ ಮಾತ್ರ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ? ನನ್ನ ಹೆಸರೂ ಹಾಕಿಸಿ."