ನಮ್ಮ ಕಾರಿನ ಕಟಕಟ

ನಾನು ಕೈ ಹಾಕಿದ ಕೆಲಸ ಆಗುವುದೇ ಇಲ್ಲ ಅಂತಲ್ಲ. ಆಗುತ್ತದೆ, ಆದರೆ ಊರವರೆಲ್ಲ ಒಂದು ಸುತ್ತು ನಕ್ಕಾದ ಮೇಲೆ ಆಗುತ್ತದೆ. ಚನ್ನಪಟ್ಟಣದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಸ್ಪ್ರಿಂಗು, ಸನ್ನೆಗೋಲು, ಘರ್ಷಣೆ ಎಲ್ಲವೂ ಬೋರ್ಡಿನ ಮೇಲೆ ನಾನು ಹೇಳಿದ ಹಾಗೆ ಕೇಳುತ್ತವೆ. ಕಾರಿನ ಕೆಳಗೆ ಕೇಳುವುದಿಲ್ಲ ಎಂಬುದು ಗೊತ್ತಾದದ್ದು ಈಚೆಗೆ.

೧. ಪಾತ್ರೆ ಗಾಡಿ

ನಮ್ಮ ಹಳೇ ಕಾರಿನ ಮುಂದಿನ ಚಕ್ರದ ಹತ್ತಿರ ಒಂದು ಸದ್ದು ಶುರುವಾಯಿತು. ಹಂಪ್ ಹತ್ತಿದರೆ ಕಟಕ್, ಮಣ್ಣುರಸ್ತೆಗೆ ಇಳಿದರೆ ಕಟಕಟಕಟ. ನನ್ನ ಹೆಂಡತಿ ಎರಡು ತಿಂಗಳು ಸಹಿಸಿಕೊಂಡಳು. ಆಮೇಲೆ ಬೈರಾಪಟ್ಟಣದಲ್ಲಿ ನೆಂಟರ ಮನೆಯ ಸೀಮಂತ ಬಂತು.

ಅವಳು ರೇಷ್ಮೆ ಸೀರೆ ಉಟ್ಟು, ಮುಡಿ ತುಂಬ ಹೂವು ಮುಡಿದು ಕೂತಿದ್ದಳು. ಶಾಮಿಯಾನದ ಹತ್ತಿರ ಕಾರು ತಿರುಗಿಸುತ್ತಿದ್ದಂತೆ ಅಡುಗೆಯವನು ಸೌಟು ಹಿಡಿದುಕೊಂಡೇ ಓಡಿ ಬಂದ. ಕಾರಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ, ಸದ್ದಿಗೇ ಕೈ ತೋರಿಸಿದ.

"ಪಾತ್ರೆ ಗಾಡಿ ಈಗ ಬಂತೇನ್ರೀ? ಇಲ್ಲಿ ಬ್ಯಾಡ, ಹಿಂದ್ಗಡೆ ಒಲೆ ತಾವ್ಕೆ ತಗೊಂಡೋಗಿ, ಬಿರ್ರನೆ."

ಹಿಂದೆ ಬೈಕುಗಳು ನಿಂತಿದ್ದವು, ವಾಪಸ್ ತಿರುಗಿಸಲು ಜಾಗವಿಲ್ಲ. ಹಾಗಾಗಿ ಒಲೆಯ ಹತ್ತಿರವೇ ಹೋದೆವು. ರೇಷ್ಮೆ ಸೀರೆ ಕೊಪ್ಪರಿಗೆಗಳ ನಡುವೆ ಇಳಿಯಿತು.

ಊಟದ ಪಂಕ್ತಿಯಲ್ಲೇ ತೀರ್ಪು ಬಂತು. "ಇನ್ನು ಮೂರು ವಾರಕ್ಕೆ ಸಾವನದುರ್ಗದಲ್ಲಿ ಅಪ್ಪನ ಹರಕೆ ಇದೆ. ಅಷ್ಟರೊಳಗೆ ಈ ಸದ್ದು ಹೋಗ್ಲಿಲ್ಲ ಅಂದ್ರೆ ನಾನು ಭಾವನ ಕಾರಲ್ಲಿ ಹೋಗ್ತೀನಿ."

ಭಾವ ಅಂದರೆ ಅವಳ ಅಕ್ಕನ ಗಂಡ, ನನ್ನ ಷಡ್ಡಕರು. ಅವರ ಹೊಸ ಕಾರು ಸ್ಟಾರ್ಟ್ ಆಗಿದೆಯೋ ಇಲ್ಲವೋ ಅಂತ ಕೇಳಿ ತಿಳಿದುಕೊಳ್ಳಬೇಕು, ಅಷ್ಟು ಮೆತ್ತಗೆ. ಅವರು ಅಲ್ಲೇ ಪಕ್ಕದ ಎಲೆಯಲ್ಲಿ ಹೋಳಿಗೆ ತಿನ್ನುತ್ತಿದ್ದರು. ನನ್ನ ಕೋಪ ನೆತ್ತಿಗೇರಿತು. "ಮೆಕ್ಯಾನಿಕ್ಕೂ ಬೇಡ, ಯಾರೂ ಬೇಡ. ಮನೆಯಲ್ಲಿ ನಾನೇ ರಿಪೇರಿ ಮಾಡ್ತೀನಿ" ಅಂದುಬಿಟ್ಟೆ.

ಷಡ್ಡಕರು ಇನ್ನೊಂದು ಹೋಳಿಗೆ ಹಾಕಿಸಿಕೊಂಡು ಹೇಳಿದರು: "ಮಾಡಿ ಮೇಷ್ಟ್ರೇ, ಮಾಡಿ. ಯಾವುದಕ್ಕೂ ನಮ್ ಕಾರಲ್ಲಿ ನಿಮಗೂ ಒಂದ್ ಸೀಟ್ ಹಿಡ್ದಿರ್ತೀನಿ."

೨. ಮಾವನ ಕಿವಿ

ಸದ್ದು ಎಲ್ಲಿಂದ ಬರುತ್ತದೆ ಅಂತ ಮೊದಲು ಗೊತ್ತಾಗಬೇಕಲ್ಲ. ನನ್ನ ಮಾವ ಕಲ್ಯದಿಂದ ಬಂದಿದ್ದರು. ಹುಟ್ಟಿದಾಗಿನಿಂದ ಕುರಿ ಕಾಯ್ದವರು. ಮಂದೆಗೆ ಬೆನ್ನು ತಿರುಗಿಸಿ ಕೂತಿದ್ದರೂ ಗೊರಸಿನ ಸದ್ದು ಕೇಳಿ, ಯಾವ ಕುರಿಯ ಯಾವ ಕಾಲಿಗೆ ಮುಳ್ಳು ಚುಚ್ಚಿದೆ ಎಂದು ಹೇಳಬಲ್ಲವರು.

"ಅಳಿಯಂದ್ರೇ, ಡಿಕ್ಕಿ ತೆಗೀರಿ. ನಾನ್ ಒಳಗ್ ಮನೀಕತೀನಿ. ನೀವು ಮೆಲ್ಲಗ್ ಬುಡಿ" ಅಂದರು.

ಹಿಂದಿನ ಸೀಟು ಮಡಚಿದೆ. ಮಾವ ಉದ್ದಕ್ಕೆ ಮಲಗಿದರು. ಕಾಲು ಆಚೆ ಬಂದದ್ದರಿಂದ ಡಿಕ್ಕಿ ತೆರೆದೇ ಇತ್ತು. ಧೂಳು ಬರುತ್ತದೆಂದು ಮುಖದ ಮೇಲೆ ಟವಲ್ ಹೊದ್ದುಕೊಂಡರು. ನಾನು ನಮ್ಮ ಬೀದಿಯಲ್ಲಿ ಆಮೆಯ ಹಾಗೆ ಹೊರಟೆ.

ಎರಡನೇ ಸುತ್ತಿಗೆ ಹಿಂದೆ ಎರಡು ಬೈಕು ಬರುತ್ತಿದ್ದವು. ಮೂರನೇ ಸುತ್ತಿಗೆ ಐದು ಬೈಕು, ಒಂದು ಆಟೋ. ಯಾರೂ ಹಾರ್ನ್ ಹೊಡೆಯುತ್ತಿಲ್ಲ, ಮುಂದೆಯೂ ಹೋಗುತ್ತಿಲ್ಲ. ಪರವಾಗಿಲ್ಲ, ಜನರಲ್ಲಿ ತಾಳ್ಮೆ ಬಂದಿದೆ ಅಂದುಕೊಂಡೆ. ನಮ್ಮ ಹಾಲಿನವನು ಬೈಕನ್ನು ಕಿಟಕಿಯ ಪಕ್ಕಕ್ಕೆ ತಂದು, ಹೆಲ್ಮೆಟ್ ತೆಗೆದು, ತಗ್ಗಿದ ದನಿಯಲ್ಲಿ ಕೇಳಿದ: "ಹೆಂಗಾಯ್ತು ಸಾರ್? ಬೆಳಿಗ್ಗೆ ಹಾಲು ಹಾಕೋವಾಗ ಚೆನ್ನಾಗೇ ಮಾತಾಡ್ಸುದ್ರು."

ಹಿಂದಿನಿಂದ ಟವಲ್ ಸರಿಯಿತು. ಮಾವ ತಲೆ ಎತ್ತಿ, "ಒಸಿ ಸುಮ್ಕಿರಪ್ಪ, ಕೇಳುಸ್ಕಬೇಕು" ಅಂದರು.

ಹಾಲಿನವನು ಬೈಕ್ ಸಮೇತ ಚರಂಡಿಗೆ ಇಳಿದ. ಎಲ್ಲರೂ ಸೇರಿ ಅವನನ್ನು ಎತ್ತುವಷ್ಟರಲ್ಲಿ ಮಾವ ಡಿಕ್ಕಿಯಿಂದಿಳಿದು, ಪಂಚೆ ಕೊಡವಿಕೊಂಡು ತಮ್ಮ ವರದಿ ಒಪ್ಪಿಸಿದರು: "ಮುಂದ್ಲ ಎಡಗಾಲು. ಮುಳ್ಳು ಗಿಳ್ಳು ಐತಾ ನೋಡಿ."

೩. ಬಣ್ಣದ ಬುಷ್

ಮಾವನ ಕಿವಿ ಸುಳ್ಳಾಗಲಿಲ್ಲ. ಜಾಕಿ ಏರಿಸಿ ಎಡಗಡೆಯ ಚಕ್ರ ಬಿಚ್ಚಿದರೆ, ಒಳಗೆ ಬಳೆಯಂಥ ರಬ್ಬರ್ ಬುಷ್ ಪುಡಿಪುಡಿಯಾಗಿ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು. ಹೊಸದು ತರಿಸಲು ಎರಡು ವಾರ ಬೇಕು ಅಂದರು ಅಂಗಡಿಯವರು. ತರಿಸಲು ಹೇಳಿ ಬಂದೆ.

ಪಕ್ಕದ ಮನೆಯವರು ಮರದ ಬೊಂಬೆ ಮಾಡುವವರು. ಕಾಂಪೌಂಡಿನಾಚೆಯಿಂದ ಎಲ್ಲ ನೋಡುತ್ತಿದ್ದರು. "ಇಷ್ಟಕ್ಕೆ ಎರಡ್ ವಾರ ಕಾಯ್ತಾರಾ ಮೇಷ್ಟ್ರೇ? ಅಳತೆ ಕೊಡಿ" ಅಂದರು.

ನಾನು ವಿಜ್ಞಾನದ ಮೇಷ್ಟ್ರು. ರಬ್ಬರಿನ ಜಾಗದಲ್ಲಿ ಮರ ಕೂಡದು ಅಂತ ಹೇಳಬೇಕಾದವನೇ ನಾನು. ಆದರೆ ಹರಕೆಯ ದಿನ ಹತ್ತಿರ ಬರುತ್ತಿತ್ತು, ಷಡ್ಡಕರ ಹೋಳಿಗೆ ಕಣ್ಣಮುಂದಿತ್ತು. ಅಳತೆ ಕೊಟ್ಟೆ. ಅರ್ಧ ಗಂಟೆಯಲ್ಲಿ ಬುಷ್ ಬಂತು. ನುಣ್ಣಗೆ, ಕೆಂಪು ಅರಗಿನ ಬಣ್ಣ, ನಡುವೆ ಹಳದಿ ಗೆರೆ.

"ಕಾರಿನ ಕೆಳಗೆ ಬಣ್ಣ ಯಾರಿಗೆ ಕಾಣುತ್ತೆ?" ಅಂದೆ.

"ಕಾಣ್ಲಿ, ಬುಡ್ಲಿ. ಬಣ್ಣ ಹಾಕ್ದೆ ನಮ್ಮನೆಯಿಂದ ಯಾವ್ ಸಾಮಾನೂ ಆಚೆ ಹೋಗಲ್ಲ."

ಎರಡು ದಿನ ಕಾರು ಗಪ್‌ಚಿಪ್. ಮೂರನೇ ದಿನ ಹೊಸ ಸದ್ದು ಶುರುವಾಯಿತು, ಮಕ್ಕಳು ನಡೆಯಲು ಕಲಿಯುವ ಮರದ ಗಾಡಿಯ ಹಾಗೆ ಕಿರ್ರ್ ಕಿರ್ರ್. ಬೀದಿಯ ಮಗುವೊಂದು ಅಮ್ಮನ ಕೈ ಬಿಡಿಸಿಕೊಂಡು ಕಾರಿನ ಹಿಂದೆ ನಡೆಯತೊಡಗಿತು.

ನಾಚಿಕೆ ಬಿಟ್ಟು ಮೆಕ್ಯಾನಿಕ್ ಹತ್ತಿರ ಹೋದೆ, ರಿಪೇರಿಗಲ್ಲ, ಬರೀ ಸಲಹೆಗೆ. ಅವನು ಕೆಳಗೆ ತೂರಿ ಬುಷ್ ಬಿಚ್ಚಿ ತಂದ. ಎಣ್ಣೆ ಒರೆಸಿ, ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಬೈಯುತ್ತಾನೆ ಅಂತ ನಾನು ತಲೆ ತಗ್ಗಿಸಿದೆ. ಅವನು ಬೈಯಲಿಲ್ಲ.

"ಸಾರ್, ಇಂಥದ್ದು ಇನ್ನೊಂದ್ ಸಿಗುತ್ತಾ? ನಮ್ ಪಾಪು ಕೈಗೆ ಬಳೆ ಜೊತೆ ಆಯ್ತದೆ."

೪. ಗೆದ್ದೆ

ಹರಕೆಯ ಹಿಂದಿನ ದಿನ ರಬ್ಬರ್ ಬುಷ್ ಬಂತು. ಮೈಯೆಲ್ಲ ಮಸಿ ಮಾಡಿಕೊಂಡು ನಾನೇ ಹಾಕಿದೆ. ಹೆಂಡತಿಯನ್ನು ಕೂರಿಸಿಕೊಂಡು, ಊರಲ್ಲಿರುವ ಹಂಪುಗಳನ್ನೆಲ್ಲ ಹುಡುಕಿ ಹುಡುಕಿ ಹತ್ತಿಸಿದೆ. ಒಂದು ಸದ್ದೂ ಇಲ್ಲ. ಅಷ್ಟು ಸಂತೋಷ ನನಗೆ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ.

"ಏನನ್ನಿಸ್ತು?" ಅಂದೆ.

"ಕಾರು ಸರಿಯಾಯ್ತು. ಆದ್ರೆ ಗಾಡಿ ಓಡಿಸ್ತಾ ನೀವು ಇಷ್ಟೊಂದು ಗೊಣಗ್ತೀರ ಅಂತ ಇಷ್ಟು ದಿನ ಗೊತ್ತಿರ್ಲಿಲ್ಲ."

೫. ಟಗರಿನ ಗಂಟೆ

ಬೆಳಿಗ್ಗೆ ಮಾವನನ್ನು ಕರೆದೊಯ್ಯಲು ಕಲ್ಯಕ್ಕೆ ಹೋದೆವು. ಅತ್ತೆ ಮತ್ತು ಹೆಂಡತಿಯ ಅಕ್ಕ ಅಡುಗೆಗೆಂದು ಆಗಲೇ ಸಾವನದುರ್ಗ ಸೇರಿದ್ದರು. ಷಡ್ಡಕರು ಮಾತ್ರ ತಮ್ಮ ಹೊಸ ಕಾರಿನಲ್ಲಿ ಕಾಯುತ್ತಿದ್ದರು, ಪಕ್ಕದ ಸೀಟು ಖಾಲಿ ಇಟ್ಟುಕೊಂಡು. ನನ್ನ ಹೆಂಡತಿ ನಮ್ಮ ಕಾರಿನಿಂದ ಇಳಿಯಲೇ ಇಲ್ಲ. ನನ್ನ ಎದೆ ಒಂದು ಗೇಣು ಉಬ್ಬಿತು.

ಉಬ್ಬಿದ ಎದೆಯಲ್ಲಿ ಕಾರು ತಿರುಗಿಸಿದೆ. ಎದುರಿಗೇ ಮಾವನ ಮಂದೆ, ಕಾಯುತ್ತಿದ್ದವರು ಮಾವನ ತಮ್ಮ. ಹಿಂದೆಲ್ಲ ನಮ್ಮ ಕಟಕಟ ದೂರದಲ್ಲಿ ಕೇಳಿದರೇ ಕುರಿಗಳು ಪಕ್ಕಕ್ಕೆ ಸರಿಯುತ್ತಿದ್ದವು. ಇವತ್ತು ಒಂದೂ ಅಲ್ಲಾಡಲಿಲ್ಲ. ಬ್ರೇಕ್ ಒತ್ತಿದಾಗ ಟಗರಿನ ಕೊಂಬಿಗೂ ನನ್ನ ಬಂಪರಿಗೂ ಅಂಗೈಯಗಲ ಜಾಗವಿತ್ತು.

ಮಾವ ಸಿಟ್ಟಾದರು. "ಹಿಂಗ್ ಕಳ್ಳನಂಗೆ ಬಂದ್ರೆ ಅವುಕ್ಕೆ ಹೆಂಗ್ ಗೊತ್ತಾಗ್ಬೇಕು? ದಾರಿ ಉದ್ದುಕ್ಕೂ ಬರೀ ಕುರಿ ಮಂದೆ ಅವೆ." ಟಗರಿನ ಕೊರಳಿನ ಗಂಟೆ ಬಿಚ್ಚಿ ನಮ್ಮ ಬಂಪರಿಗೆ ಬಿಗಿದರು. "ಈಗ್ ಸರಿ. ನಡೀರಿ" ಅಂತ ಹಿಂದಿನ ಸೀಟಿಗೆ ಹತ್ತಿ ಕೂತರು.

ಢಣ ಢಣ ಅಂತ ಹೊರಟೆವು. ಮುಂದೆ ನಾವು, ಹಿಂದೆ ಷಡ್ಡಕರು. ಸ್ವಲ್ಪ ದೂರ ಹೋಗಿ ಕನ್ನಡಿ ನೋಡಿದರೆ ಷಡ್ಡಕರ ಕಾರು ಕಾಣಲಿಲ್ಲ, ಬರೀ ಧೂಳು. ಧೂಳಿನಲ್ಲಿ ಮೊದಲು ಟಗರು ಕಂಡಿತು. ಅದರ ಹಿಂದೆ ಇಡೀ ಮಂದೆ. ಮಂದೆಯ ಹಿಂದೆ ಕೋಲು ಎತ್ತಿಕೊಂಡು ಕೂಗುತ್ತಾ ಮಾವನ ತಮ್ಮ. ಅವರೆಲ್ಲರ ಹಿಂದೆ ಷಡ್ಡಕರು.

ಮಾವ ತಿರುಗಿ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ, ಆ ಗಂಟೆ ಎತ್ಲಾಗ್ ಹೋದ್ರೆ ಮಂದೆ ಅತ್ಲಾಗೇ."

"ಕಟ್ಟೋವಾಗ ಗೊತ್ತಿರ್ಲಿಲ್ವಾ ಮಾವ?"

"ಆಗ ನಾನು ಕಾರಿನ್ ಚಿಂತೇಲಿದ್ದೆ ಕಣಪ್ಪ. ಕುರಿ ಚಿಂತೆ ಇವತ್ತು ನನ್ ತಮ್ಮುಂದು."

ನಿಲ್ಲಿಸಿದೆ. ಮಂದೆಯೂ ನಿಂತಿತು, ಕಾರಿನ ಎರಡೂ ಪಕ್ಕ ಒತ್ತಿಕೊಂಡು. ಗಂಟೆ ಬಿಚ್ಚೋಣವೆಂದರೆ ಬಾಗಿಲು ತೆರೆಯಲು ಜಾಗವಿಲ್ಲ. ಹಿಂದೆ ಷಡ್ಡಕರು ಹಾರ್ನ್ ಹೊಡೆದೇ ಹೊಡೆದರು. ಒಂದು ಕುರಿಯೂ ಕಿವಿ ನಿಮಿರಿಸಲಿಲ್ಲ. ಕೊನೆಗೆ ಅವರು ಕಾರನ್ನು ರಸ್ತೆ ಪಕ್ಕಕ್ಕೆ ಹಾಕಿ, ಇಸ್ತ್ರಿ ಮಾಡಿದ ಬಿಳೀ ಪ್ಯಾಂಟಿನಲ್ಲಿ ಕುರಿಗಳ ನಡುವೆ ತೂರಿಕೊಂಡು ಬಂದು ನಮ್ಮ ಕಿಟಕಿ ತಟ್ಟಿದರು.

"ಮೇಷ್ಟ್ರೇ, ಪೂಜೆಗೆ ಹೊತ್ತಾಯ್ತು. ನನ್ ಕಾರಿಗೆ ಇವು ದಾರಿ ಬುಡಾಕಿಲ್ಲ. ನಿಮ್ದ್ರಲ್ಲಿ ಒಂದ್ ಸೀಟ್ ಐತಾ?"

ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಕಿಟಕಿ ಇಳಿಸಿ, ಮಾವನ ಟವಲ್ ತೆಗೆದು ಅವರ ಕೈಗೆ ಕೊಟ್ಟಳು.

"ಹಿಡ್ದಿಟ್ಟಿದ್ದೀವಿ ಭಾವ. ಡಿಕ್ಕಿಲಿ ಮಲಗಿ. ಮುಖದ ಮೇಲೆ ಇದನ್ನ ಹಾಕ್ಕೊಳ್ಳಿ, ಧೂಳು."