ಸಿಳ್ಳೆಗೆ ಬಂದ ಕರಡಿ

ಊಟ ಬಲ್ಲವನಿಗೆ ರೋಗವಿಲ್ಲ, ಸಿಳ್ಳೆ ಬಲ್ಲವನಿಗೆ ಕರಡಿಯ ಭಯವಿಲ್ಲ ಎಂದು ಗಾದೆಯೇ ಇದೆ. ಇಂಥ ಗಾದೆ ಎಲ್ಲೂ ಕೇಳಿಲ್ಲವಲ್ಲ ಎನ್ನುವವರು ಕಂಪ್ಲಿಗೆ ಬಂದು ಅಕ್ಕಿ ಮಿಲ್ಲಿನ ಹಾಲಸ್ವಾಮಿಯವರನ್ನು ವಿಚಾರಿಸಬೇಕು. ಮೊದಲರ್ಧ ಹಿರಿಯರದು, ಉಳಿದರ್ಧ ಅವರದು. ಇದು ನಡೆದ ಕತೆ. ಇದರಲ್ಲಿ ಸುಳ್ಳೇನಾದರೂ ಕಂಡರೆ ಅದು ಹಾಲಸ್ವಾಮಿಯವರದು, ಕತೆಯದಲ್ಲ.

ಎಲ್ಲ ಶುರುವಾದದ್ದು ಒಗ್ಗರಣೆ ಮಂಡಕ್ಕಿಯ ತಟ್ಟೆಯ ಮುಂದೆ. ತೋರಣಗಲ್ಲಿನಲ್ಲಿರುವ ಮಗಳ ಮಗಳು, ಎಂಟು ವರ್ಷದ ಗಂಗೋತ್ರಿ, ಬೇಸಿಗೆ ರಜೆಗೆ ಬಂದಿದ್ದಳು. ಬರುವ ಮೊದಲು ಒಂದು ವಾರ ಸಂಡೂರಿನಲ್ಲಿ ಅಪ್ಪನ ಅಪ್ಪ ಚನ್ನಯ್ಯನವರ ಮನೆಯಲ್ಲಿದ್ದಳು. ಉಳಿದ ರಜೆ ಯಾವ ಅಜ್ಜನ ಮನೆಯಲ್ಲಿ ಎಂಬುದನ್ನು ತಾಯಿ ಅವಳಿಗೇ ಬಿಟ್ಟಿದ್ದಳು. ಮಂಡಕ್ಕಿಯಲ್ಲಿನ ಶೇಂಗಾ ಆರಿಸುತ್ತ ಅವಳು ಲೆಕ್ಕ ಹಾಕಿದಳು.

"ಸಂಡೂರಜ್ಜ ಗುಡ್ಡ ಹತ್ತಿಸಿದ. ಝರಿ ತೋರ್ಸಿದ. ಬೈಕಿನ ಮ್ಯಾಲ ಕುಂದ್ರಿಸ್ಕೊಂಡು ಘಾಟು ಇಳಿಸಿದ. ನೀ ಏನ್ ತೋರಸ್ತಿ ಅಜ್ಜ?"

ಹಾಲಸ್ವಾಮಿಯವರು ಹಿಂದಿನ ದಿನ ಭತ್ತ ಕುದಿಸುವ ತೊಟ್ಟಿಯನ್ನೂ ಹೊಟ್ಟಿನ ರಾಶಿಯನ್ನೂ ತೋರಿಸಿ ಮುಗಿಸಿದ್ದರು. ಲಾರಿ ತೂಗುವ ವೇಬ್ರಿಜ್ಜಿನ ಮೇಲೆ ಅವಳನ್ನು ನಿಲ್ಲಿಸಿದ್ದೂ ಆಗಿತ್ತು. ಅದು ಅವಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇನ್ನು ತೋರಿಸಲು ಉಳಿದಿದ್ದದ್ದು ಬಾಯಿ ಒಂದೇ.

"ಗುಡ್ಡ ಎಲ್ಲಿಗೋಗ್ತೈತವ್ವ, ಅಲ್ಲೇ ನಿಂತಿರ್ತೈತಿ. ಅದನ್ನ ಯಾರರ ತೋರಸ್ತಾರ. ನಾ ಒಂದ್ ಸಿಳ್ಳಿ ಹೊಡದ್ರ ದರೋಜಿ ಕರಡಿ ಎದ್ದು ಬರ್ತಾವ."

ಒಲೆಯ ಮುಂದಿದ್ದ ಹೆಂಡತಿ ಕೊಟ್ರಬಸಮ್ಮನ ಕೈಯಲ್ಲಿನ ಸೌಟು ಗಾಳಿಯಲ್ಲಿ ನಿಂತಿತು. ಆ ಮನೆಯಲ್ಲಿ ಇಲ್ಲಿಯವರೆಗೆ ಸಿಳ್ಳೆ ಹೊಡೆಯುವ ಅಧಿಕಾರ ಕುಕ್ಕರಿಗೆ ಮಾತ್ರ ಇತ್ತು. ಆಕೆ ಸೌಟನ್ನು ಮತ್ತೆ ಪಾತ್ರೆಗೆ ಇಳಿಸಿದರು.

"ಖರೇನಾ ಅಜ್ಜ?"

"ಖರೇ ಅಂದ್ರ ಖರೇ."

"ಹಂಗಾರ ನಾಳಿಗೇ ಹೋಗಾಣು. ನಿನ್ನ ಸಿಳ್ಳಿಗೆ ಕರಡಿ ಬಂತಂದ್ರ ರಜಾ ಮುಗಿಯೋ ತನ ಇಲ್ಲೇ ಇರ್ತೀನಿ. ಬರ್ಲಿಲ್ಲಂದ್ರ ಸಂಡೂರಿಗೆ."

ಕರಡಿ ಇರಲಿ, ಕರಡಿಯ ಚಿತ್ರವಿದ್ದ ಕ್ಯಾಲೆಂಡರನ್ನೂ ಗೋಡೆಯ ಕಡೆ ತಿರುಗಿಸಿಡುವ ಜೀವ ಹಾಲಸ್ವಾಮಿಯವರದು. ಮಿಲ್ಲಿನ ಕಟ್ಟೆಯ ಮೇಲೆ ಕೂತು ಬೆವರುತ್ತಿದ್ದಾಗ ಪಕ್ಕದ ಗೊಬ್ಬರದಂಗಡಿಯ ಸಿದ್ದಲಿಂಗೇಶ್ ಬಂದ. ಗೊಬ್ಬರದಂಗಡಿ ಇಟ್ಟವರಿಗೆ ಎಂಥ ಸಣ್ಣ ಸಂಗತಿಯನ್ನೂ ಬೆಳೆಸುವ ವಿದ್ಯೆ ಗೊತ್ತಿರುತ್ತದೆ. ವಿಷಯ ಕೇಳಿದವನೇ ಅವನು ತೊಡೆ ತಟ್ಟಿಕೊಂಡ. ದರೋಜಿಯ ಕರಡಿಧಾಮದಲ್ಲಿ ದಿನಾ ಮಧ್ಯಾಹ್ನ ಅರಣ್ಯ ಇಲಾಖೆಯ ಆಳುಗಳು ಬಕೆಟ್ಟಿನಲ್ಲಿ ಬೆಲ್ಲದ ಪಾಕ ತಂದು, ವೀಕ್ಷಣಾ ಗೋಪುರದ ಎದುರಿನ ಬಂಡೆಗೆ ಬಳಿದು ಹೋಗುತ್ತಾರೆ. ಅದನ್ನು ನೆಕ್ಕಲು ಕರಡಿಗಳು ಗುಡ್ಡದಿಂದ ತಾವಾಗಿ ಇಳಿದು ಬರುತ್ತವೆ. ಇದು ಅವನು ಕೊಟ್ಟ ಮಾಹಿತಿ.

"ಹುಡುಗಿ ಬೆಲ್ಲ ಹಚ್ಚೋದು ನೋಡ್ಬಾರ್ದು, ಅಷ್ಟ. ಬೆಲ್ಲ ಸರಕಾರದ್ದು, ಸಿಳ್ಳಿ ನಿಮ್ದು. ಹೆಸರು ಯಾರಿಗೆ ಬರ್ತೈತಿ ನೀವ ಹೇಳ್ರಿ."

ಉಳಿದದ್ದು ಸಿಳ್ಳೆ. ಹೊಟ್ಟಿನ ರಾಶಿಯ ಹಿಂದೆ ನಿಂತು ಅಭ್ಯಾಸ ನಡೆಯಿತು. ಮೇಲಿನ ಸಾಲಿಗೆ ಹಲ್ಲಿನ ಸೆಟ್ಟು ಹಾಕಿಕೊಂಡಿದ್ದ ಬಾಯಿಂದ ಪಂಕ್ಚರಾದ ಟ್ಯೂಬಿನಂಥ ಫುಸ್ಸೆನ್ನುವ ಗಾಳಿ ಬಂತೇ ಹೊರತು ಸಿಳ್ಳೆ ಬರಲಿಲ್ಲ. ಸಿಟ್ಟಿನಿಂದ ಸೆಟ್ಟು ಕಿತ್ತು ಊದಿದಾಗ ಮಾತ್ರ ಹೊಸಪೇಟೆ ಪ್ಯಾಸೆಂಜರ್ ರೈಲು ಹೊರಟಂತೆ ಕೂಗಿತು. ಮಿಲ್ಲಿನ ಹಮಾಲರು ಊಟಕ್ಕೆ ಬಿಟ್ಟರೆಂದುಕೊಂಡು ಮೂಟೆ ಇಳಿಸಿ ಕೈತೊಳೆಯಲು ಹೋದರು.

ಮರುದಿನ ಹೊರಡುವಾಗ ಕೊಟ್ರಬಸಮ್ಮ ಶೇಂಗಾ ಹೋಳಿಗೆಯ ಡಬ್ಬಿ ಕೊಟ್ಟು, ಅಟ್ಟದಿಂದ ಇಳಿಸಿದ ದೊಡ್ಡ ಬ್ಯಾಗಿನ ಧೂಳು ಒರೆಸುತ್ತ ಕೂತಿದ್ದರು.

"ಅದನ್ಯಾಕ ತಗದಿ? ಹುಡುಗಿ ಸಂಡೂರಿಗೆ ಹೋಗಂಗಿಲ್ಲ, ಒಳಗಿಡು," ಎಂದರು ಹಾಲಸ್ವಾಮಿ.

"ಇರ್ಲಿ ಬಿಡ್ರಿ. ಬ್ಯಾಗಿಗೇನು ಅನ್ನ ಹಾಕ್ಬೇಕಾ."

ಸಿದ್ದಲಿಂಗೇಶನ ಕಾರಿನಲ್ಲಿ ಕಮಲಾಪುರದ ದಾರಿ ಹಿಡಿದರು. ಬೆಲ್ಲಕ್ಕೆ ಇನ್ನೂ ಹೊತ್ತಿತ್ತು. ಅಲ್ಲಿಯವರೆಗೆ ಕಾಲ ಕಳೆಯಲೆಂದು ಕಾರು ಹಂಪಿಯ ಕಡೆ ತಿರುಗಿತು. ಗಂಗೋತ್ರಿ ಅಜ್ಜನ ಕೈಹಿಡಿದು ಹೇಮಕೂಟದ ಬಂಡೆಯ ಮೇಲೆ ಎಳೆದುಕೊಂಡು ಹೋದಳು. ಅವಳು ಮೇಕೆಮರಿಯ ಹಾಗೆ, ಅವರು ಲೋಡಾದ ಲಾರಿಯ ಹಾಗೆ ಹತ್ತಿದರು. ಅವಳು ಒಂದು ಕೊಳದಲ್ಲಿ ಕಪ್ಪೆ ಹುಡುಕುತ್ತಿದ್ದಾಗ ಹಾಲಸ್ವಾಮಿಯವರಿಗೆ ಕೊನೆಯ ಸಲ ಸಿಳ್ಳೆ ಪರೀಕ್ಷಿಸುವ ಆಸೆಯಾಯಿತು. ಸಣ್ಣ ಮಂಟಪದ ಕಂಬದ ಮರೆಗೆ ಹೋಗಿ, ಸೆಟ್ಟನ್ನು ಕರ್ಚೀಫಿನ ಮೇಲಿಟ್ಟು, ಎರಡು ಬೆರಳು ಬಾಯಿಗಿಟ್ಟು ಊದಿದರು.

ಫಲ ತಕ್ಷಣ ಸಿಕ್ಕಿತು. ಆದರೆ ಸಿಳ್ಳೆಗೆ ಮೊದಲು ಬಂದದ್ದು ಕರಡಿಯಲ್ಲ, ಮಂಗ. ಅದು ಮಂಟಪದ ಚಾವಣಿಯಿಂದ ಇಳಿದು, ಸೆಟ್ಟನ್ನು ಎತ್ತಿಕೊಂಡು, ಬಂದ ದಾರಿಯಲ್ಲೇ ಮೇಲೆ ಹೋಗಿ ಕೂತಿತು.

ಹಂಪಿಯ ಮಂಗಗಳು ವ್ಯವಹಾರಸ್ಥರು. ಕನ್ನಡಕ ಕಸಿದರೆ ಬಾಳೆಹಣ್ಣಿಗೆ ಬದಲಾಗಿ ಬಿಟ್ಟುಕೊಡುತ್ತವೆ. ಸಿದ್ದಲಿಂಗೇಶ್ ಓಡಿಹೋಗಿ ಹಣ್ಣು ತಂದ. ಮಂಗ ಒಂದು ಕೈಯಲ್ಲಿ ಹಣ್ಣು ತಿನ್ನುತ್ತ, ಇನ್ನೊಂದು ಕೈಯಲ್ಲಿ ಸೆಟ್ಟನ್ನು ತಿರುಗಿಸಿ ನೋಡಿತು, ತನ್ನ ಬಾಯಿಗೂ ಒಮ್ಮೆ ಹಿಡಿದು ನೋಡಿತು. ಅಳತೆ ಸರಿಹೋಗಲಿಲ್ಲವೇನೋ, ಗಿರಾಕಿ ಬೇಡವೆಂದ ಮಾಲಿನಂತೆ ಕೆಳಗೆ ಎಸೆಯಿತು. ಬಂಡೆಗೆ ಬಿದ್ದ ಸೆಟ್ಟು ಎರಡು ಹೋಳಾಯಿತು.

ಗಂಗೋತ್ರಿ ಎಲ್ಲವನ್ನೂ ನೋಡುತ್ತ ನಿಂತಿದ್ದಳು. "ಅಜ್ಜ, ಇದು ಮಂಗ್ಯಾನ ಸಿಳ್ಳಿ ಆತಲ್ಲ. ಕರಡಿದು ಬ್ಯಾರೆ ಐತೇನು?"

ಕರಡಿಯದು ಸ್ವಲ್ಪ ಉದ್ದ ಎಂದು ಹಾಲಸ್ವಾಮಿ ಹೇಳಿದರು. ಹಾಗೆ ಹೇಳುವಾಗಲೇ ಅರ್ಧ ಮಾತು ಬಾಯಿಂದ, ಅರ್ಧ ಗಾಳಿಯಿಂದ ಬಂತು.

ಕರಡಿಧಾಮದ ಗೇಟಿನಲ್ಲಿ ಇನ್ನೊಂದು ಆಘಾತ ಕಾದಿತ್ತು. ಬೈಕಿನ ಮೇಲೆ ಒರಗಿ, ಹೆಲ್ಮೆಟ್ಟನ್ನು ಕಲಶದ ಹಾಗೆ ಹಿಡಿದುಕೊಂಡು ಸಂಡೂರಿನ ಬೀಗರು ಚನ್ನಯ್ಯನವರು ನಿಂತಿದ್ದರು. ಸಂಡೂರಜ್ಜನೂ ನೋಡಲಿ ಎಂದು ಗಂಗೋತ್ರಿಯೇ ಫೋನು ಮಾಡಿ ಕರೆಸಿದ್ದಳು.

"ಬೀಗರ, ಬಾಯಿಗೆ ಏನಾತ್ರಿ?" ಎಂದು ಚನ್ನಯ್ಯ ಕೇಳಿದರು.

"ಕರಡಿ ಬರ್ಲಿ ಅಂತ ಹರಕಿ," ಎಂದ ಸಿದ್ದಲಿಂಗೇಶ್. "ಮಂದಿ ದೇವ್ರಿಗೆ ಮುಡಿ ಕೊಡ್ತಾರ. ಇವ್ರು ಹಂಪಿ ಹನುಮಪ್ಪಗ ಹಲ್ಲು ಕೊಟ್ಟು ಬಂದಾರ."

ಗೋಪುರದ ಮೇಲೆ 'ಸದ್ದು ಮಾಡಬೇಡಿ' ಎಂಬ ಬೋರ್ಡು ತೂಗುತ್ತಿತ್ತು. ಹಾಲಸ್ವಾಮಿ ಅದಕ್ಕೆ ಬೆನ್ನು ಕೊಟ್ಟು ನಿಂತರು. ಎದುರಿನ ಬಂಡೆ ಬಿಸಿಲಿಗೆ ಒಣಗಿ ಬಿದ್ದಿತ್ತು. ಬೆಲ್ಲ ಇಲ್ಲ, ಬಕೆಟ್ಟಿಲ್ಲ. ಗಂಗೋತ್ರಿ ಮಾತ್ರ ಹೊಡಿ ಅಜ್ಜ, ಹೊಡಿ ಅಜ್ಜ ಎಂದು ಜುಬ್ಬಾ ಜಗ್ಗತೊಡಗಿದಳು. ಕರಡಿಗಳು ಉಂಡು ಮಲಗಿರುತ್ತವೆ ಎಂದರು ಹಾಲಸ್ವಾಮಿ. ಗಾಳಿ ಈ ಕಡೆಯಿಂದ ಆ ಕಡೆ ಬೀಸಬೇಕು ಎಂದರು. ಕೊನೆಗೆ, ಹೋಳಿಗೆ ತಿನ್ನದೆ ಸಿಳ್ಳೆ ಹೊಡೆದರೆ ಕರಡಿಗೆ ಅವಮಾನ ಎಂದರು. ಹೋಳಿಗೆಯ ಡಬ್ಬಿ ಖಾಲಿಯಾಯಿತು, ನೆಪಗಳೂ ಖಾಲಿಯಾದವು.

ಅಷ್ಟರಲ್ಲಿ ಎದುರಿನ ಬಂಡೆಯ ಬಳಿ ಇಬ್ಬರು ಆಳುಗಳು ಬಕೆಟ್ಟು ಹಿಡಿದು ಕಾಣಿಸಿಕೊಂಡರು. ಹಾಲಸ್ವಾಮಿ ಮೊಮ್ಮಗಳ ಭುಜ ಹಿಡಿದು ಗರಕ್ಕನೆ ಹಿಂದಕ್ಕೆ ತಿರುಗಿಸಿ, "ಅಲ್ನೋಡವ್ವ, ನವಿಲು," ಎಂದರು. ಅಲ್ಲಿದ್ದದ್ದು ಒಂದು ಹುತ್ತ.

"ಅದಕ್ಕ ಗರಿ ಎಲ್ಲೈತಿ?"

ಹಾಲಸ್ವಾಮಿ ತಡವರಿಸುವಷ್ಟರಲ್ಲಿ ಸಹಾಯ ಬಂದದ್ದು ನಿರೀಕ್ಷಿಸದ ದಿಕ್ಕಿನಿಂದ. "ಹುತ್ತದ ಹಿಂದ ಐತವ್ವ, ಗರಿ ಮುಚ್ಕೊಂಡು ಕುಂತೈತಿ. ಕಣ್ಣು ತಗೀಬ್ಯಾಡ," ಎಂದರು ಚನ್ನಯ್ಯ. ಅಷ್ಟೇ ಅಲ್ಲ, ಹೆಗಲ ಮೇಲಿನ ಟವಲ್ಲು ಬಿಚ್ಚಿ ಒಣಹಾಕುವವರ ಹಾಗೆ ಬಂಡೆಗೆ ಅಡ್ಡವಾಗಿ ಹಿಡಿದು ನಿಂತರು. ಮಕ್ಕಳ ಮದುವೆಯಾದಾಗಿನಿಂದ ಸಾರಿನ ಉಪ್ಪಿನ ವಿಷಯದಲ್ಲೂ ಒಪ್ಪದ ಬೀಗರು ಇವತ್ತು ಒಂದು ಹುತ್ತವನ್ನು ನವಿಲೆಂದು ಒಪ್ಪಿಕೊಂಡದ್ದು ಹಾಲಸ್ವಾಮಿಯವರಿಗೆ ವಿಚಿತ್ರವೆನಿಸಿತು. ಪಾಪ, ಒಳ್ಳೆಯ ಮನುಷ್ಯ, ನಾನೇ ತಪ್ಪು ತಿಳಿದಿದ್ದೆ ಎಂದು ಕರಗಿದರು.

ಇಬ್ಬರನ್ನೂ ನೋಡಿದ ಗಂಗೋತ್ರಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ನಾನ ಕಣ್ಣು ಮುಚ್ಕೊಂತೀನಿ. ನೀವಿಬ್ರೂ ಆರಾಮ ನಿಂದರ್ರಿ."

ಆಳುಗಳು ಬಳಿದು ಹೋದರು. ಸ್ವಲ್ಪ ಹೊತ್ತಿಗೆ ಬಂಡೆಯ ಹಿಂದಿನ ಪೊದೆ ಅಲ್ಲಾಡಿತು. ಹಾಲಸ್ವಾಮಿ ಇಷ್ಟಲಿಂಗವನ್ನು ಮುಟ್ಟಿಕೊಂಡು, ಬೆರಳು ಬಾಯಿಗಿಟ್ಟು, ಇದ್ದ ಉಸಿರನ್ನೆಲ್ಲ ಸುರಿದರು. ಸಿಳ್ಳೆ ಗುಡ್ಡಕ್ಕೆ ಬಡಿದು ವಾಪಸು ಬಂತು. ಅದರ ಹಿಂದೆಯೇ, ಪೊದೆಯಿಂದ ಕರ್ರಗಿನ ತಾಯಿ ಕರಡಿಯೊಂದು ಬೆನ್ನ ಮೇಲೆ ಮರಿ ಕೂರಿಸಿಕೊಂಡು, ಕರೆದಲ್ಲಿಗೆ ಬಂದ ಬೀಗಿತ್ತಿಯ ಗತ್ತಿನಲ್ಲಿ ಬಂಡೆಯ ಮೇಲೆ ಬಂತು.

"ಬಂತು ಅಜ್ಜ," ಎಂದು ಗಂಗೋತ್ರಿ ಪಿಸುಗುಟ್ಟಿದಳು. ಅವಳ ಕಣ್ಣುಗಳು ನಿಜವಾಗಿಯೂ ಅರಳಿದ್ದವು.

ಹಾಲಸ್ವಾಮಿ ಕುದಿಸಿದ ಭತ್ತದ ಹಾಗೆ ಉಬ್ಬಿದರು. ಬೀಗರ ಹೊಟ್ಟೆಕಿಚ್ಚು ನೋಡೋಣವೆಂದು ತಿರುಗಿದರೆ, ಚನ್ನಯ್ಯನವರ ಮುಖದಲ್ಲಿದ್ದದ್ದು ಹೊಟ್ಟೆಕಿಚ್ಚಲ್ಲ. ಮಿರ್ಚಿಯೊಳಗಿನ ಬೀಜ ಕಚ್ಚಿದವನ ಮುಖ ಅದು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಗೋಪುರದ ಕಾವಲುಗಾರ ಪಾಲಪ್ಪ ಏದುಸಿರು ಬಿಡುತ್ತ ಮೇಲೆ ಬಂದ. ಸದ್ದು ಮಾಡಬಾರದಾದ್ದರಿಂದ ಅವನು ಪಿಸುಮಾತಿನಲ್ಲೇ ಗದರಿದ.

"ಯಾರ್ರೀ ಅದು ಸಿಳ್ಳಿ ಹೊಡದೋರು? ಬೋರ್ಡ್ ಕಾಣಂಗಿಲ್ಲೇನು?" ಆಮೇಲೆ ಅವನ ಕಣ್ಣು ಚನ್ನಯ್ಯನವರ ಮೇಲೆ ಬಿತ್ತು. "ಮತ್ತ ನೀವಾ? ಹೋದ್ ವಾರ ಚಪ್ಪಾಳಿ, ಈ ವಾರ ಸಿಳ್ಳಿ. ಮುಂದಿನ ವಾರ ಬ್ಯಾಂಡ್ ಸೆಟ್ ತರೋರೇನು?"

ಹಾಲಸ್ವಾಮಿ ಬೀಗರನ್ನು ನೋಡಿದರು. ಚನ್ನಯ್ಯನವರು ಹೆಲ್ಮೆಟ್ಟಿನ ಬೆಲ್ಟನ್ನು ಜೀವನದಲ್ಲಿ ಮೊದಲ ಸಲ ಕಂಡವರಂತೆ ಪರೀಕ್ಷಿಸುತ್ತಿದ್ದರು. ಟವಲ್ಲು ಅಡ್ಡ ಹಿಡಿದದ್ದು ಯಾಕೆಂದು ಈಗ ಹೊಳೆಯಿತು. ಬೆಲ್ಲ ಒಂದೇ, ಬಂಡೆ ಒಂದೇ; ಅಲ್ಲಿ ಚಪ್ಪಾಳೆ, ಇಲ್ಲಿ ಸಿಳ್ಳೆ. ಚನ್ನಯ್ಯನವರು ತೋಟಕ್ಕೆ ಗೊಬ್ಬರ ಒಯ್ಯುವುದು ಕಂಪ್ಲಿಯಿಂದಲೇ ಎಂಬುದೂ ಅದರ ಬೆನ್ನಿಗೇ ನೆನಪಾಯಿತು. ಇಬ್ಬರೂ ಒಟ್ಟಿಗೆ ತಿರುಗಿ ಸಿದ್ದಲಿಂಗೇಶನನ್ನು ನೋಡಿದರು. ಅವನು ಕಾರಿನಿಂದ ತಂದಿದ್ದ ದುರ್ಬೀನನ್ನು ತಿರುಗಾಮುರುಗಾ ಹಿಡಿದು ಕರಡಿಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದ.

"ಗಿರಾಕಿಗೆ ಒಂದ್ ಒಳ್ಳೇ ಮಾತು ಹೇಳೋದು ತಪ್ಪೇನ್ರಿ," ಎಂದ, ದುರ್ಬೀನು ಇಳಿಸದೆ. "ಒಂದಾ ಗೊಬ್ಬರ, ಎಲ್ಡು ಹೊಲ."

ಜಗಳವಾಡಲು ಇಬ್ಬರಿಗೂ ಬಾಯಿರಲಿಲ್ಲ. ಹಾಲಸ್ವಾಮಿಯವರಿಗಂತೂ ಹಲ್ಲೂ ಇರಲಿಲ್ಲ. ಹುಡುಗಿಯ ಮುಂದೆ ಮಾನ ಉಳಿದರೆ ಸಾಕೆಂದು, "ಅವ್ವಾ, ಅದು ಏನಂದ್ರ..." ಎಂದು ಶುರುಮಾಡಿದರು. ಪಾಲಪ್ಪ ಅವರ ಹಿಂದೆ ಬಗ್ಗಿ ನೋಡಿದ.

"ಈ ಪಾಪು ಇವತ್ತೂ ಬಂದೈತಾ? ಡಿಸೆಂಬರ್‌ನಾಗ ಶಾಲಿ ಮಕ್ಕಳ ಕೂಡ ಬಂದು ನನ್ನ ತಲಿ ತಿಂದಿತ್ರಿ ಇದು. ಬೆಲ್ಲ ಎಲ್ಲಿಂದ ತರ್ತೀರಿ, ಎಷ್ಟು ಹಚ್ತೀರಿ, ದಿನಾ ತಿಂದ್ರ ಕರಡಿಗೆ ಶುಗರ್ ಬರಂಗಿಲ್ಲೇನು ಅಂತ."

ಚನ್ನಯ್ಯನವರ ಕೈಯಿಂದ ಹೆಲ್ಮೆಟ್ಟು ಜಾರಿತು.

"ನಿನಗ ಮೊದ್ಲ ಗೊತ್ತಿತ್ತಾ?" ಎಂದರು ಹಾಲಸ್ವಾಮಿ.

"ಹ್ಞೂಂ."

"ಮತ್ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀವಿಬ್ರೂ ಕರ್ಕೊಂಡು ಬರ್ತಿದ್ರೇನು?" ಎಂದಳು ಗಂಗೋತ್ರಿ. "ಶಾಲಿ ಟ್ರಿಪ್ಪಿನಾಗ ದೂರ ಒಂದಾ ಕಂಡಿತ್ತು. ಸಂಡೂರಜ್ಜನ ಚಪ್ಪಾಳಿಗೆ ಎಲ್ಡು ಬಂದ್ವು. ನಿಂದು ಮರಿ ಸೇರಿ ಎಲ್ಡು. ಮಂಗ್ಯಾ ಬ್ಯಾರೆ."

ಹಾಲಸ್ವಾಮಿ ಕೊನೆಯ ದಾಳ ಹಾಕಿದರು. ಹೇಗೇ ಆಗಲಿ, ಕರಡಿ ಬಂದಿದೆ. ಮಾತಿನಂತೆ ರಜೆ ಕಂಪ್ಲಿಯದು.

"ಸಿಳ್ಳಿಗೆ ಬಂದ್ರ ಅಂದಿದ್ದೆ. ಇದು ಬೆಲ್ಲಕ್ಕ ಬಂದೈತಿ," ಎಂದಳು. ಚನ್ನಯ್ಯನವರ ಮುಖ ಅರಳುವಷ್ಟರಲ್ಲಿ, "ಸಂಡೂರಿಗೂ ಬರಂಗಿಲ್ಲ," ಎಂದು ಸೇರಿಸಿದಳು. "ನಾನು ಅಜ್ಜಿ ನಾಳಿಗೆ ಬಂಡ್ರಿಗೆ ಹೊಂಟೀವಿ, ಅಜ್ಜಿ ತವರಮನಿಗೆ. ಅಲ್ಲಿ ಬಾವ್ಯಾಗ ನನಗ ಈಜು ಕಲಸ್ತಾಳ. ಬ್ಯಾಗ್ ರೆಡಿ ಐತಿ."

"ನಿಮ್ಮಜ್ಜಿಗೆ ಈಜು ಬರ್ತೈತಾ?"

ಇಷ್ಟು ವರ್ಷದ ಸಂಸಾರದಲ್ಲಿ ಹಾಲಸ್ವಾಮಿಯವರಿಗೆ ಅದು ಗೊತ್ತಿರಲಿಲ್ಲ. ತಮ್ಮ ಸಾಹಸಗಳನ್ನು ಹೇಳುವ ಭರದಲ್ಲಿ ಹೆಂಡತಿಯ ಮಾತಿಗೆ ಅವರು ಸಂದಿಯನ್ನೇ ಬಿಟ್ಟಿರಲಿಲ್ಲ.

"ಬಾವಿ ದಂಡಿ ಮ್ಯಾಲಿಂದ ಜಿಗೀತಾಳಂತ," ಎಂದಳು ಗಂಗೋತ್ರಿ. "ಅಜ್ಜಿ ಹೇಳ್ಯಾಳ, ನಾವು ಬರೋ ತನ ಅನ್ನ ನೀನ ಮಾಡ್ಕೋಬೇಕಂತ. ಕುಕ್ಕರ್ ಸಿಳ್ಳಿ ಹೊಡದ್ರ ನೀ ಜಲ್ದಿ ಎದ್ದು ಬರ್ಬೇಕಂತ."

ಮೊದಲು ದುರ್ಬೀನಿನ ಹಿಂದಿನಿಂದ ಕಿಸಕ್ಕೆಂದ ಸದ್ದು ಬಂತು. ಚನ್ನಯ್ಯನವರು ಟವಲ್ಲನ್ನು ಬಾಯಿಗೆ ತುರುಕಿಕೊಂಡರು. ಬೋರ್ಡು ತೋರಿಸಬೇಕಾದ ಪಾಲಪ್ಪನೇ ಅದಕ್ಕೆ ಮುಖ ಒತ್ತಿಕೊಂಡು ಭುಜ ಕುಣಿಸತೊಡಗಿದ. ಹಾಲಸ್ವಾಮಿ ಎಲ್ಲರನ್ನೂ ಒಮ್ಮೆ ನೋಡಿದರು, ಎರಡು ಹೋಳಾದ ಸೆಟ್ಟಿದ್ದ ಜೇಬನ್ನು ಮುಟ್ಟಿಕೊಂಡರು, ಕುಕ್ಕರಿನ ಮುಂದೆ ಕರಡಿಯ ಹಾಗೆ ಎದ್ದು ಬರುವ ತಮ್ಮನ್ನೇ ನೆನೆಸಿಕೊಂಡರು. ಹೊಟ್ಟೆಯ ಆಳದಿಂದ ನಗೆ ಎದ್ದುಬಂತು. ಹಲ್ಲಿಲ್ಲದ ಸಂದಿಯಲ್ಲಿ ನುಗ್ಗಿದ ಆ ನಗೆ, ಹೊರಗೆ ಬರುವಷ್ಟರಲ್ಲಿ, ಎಲ್ಲಿಲ್ಲದ ಉದ್ದನೆಯ ಸಿಳ್ಳೆಯಾಗಿ ಹೊಮ್ಮಿತು.

ಬಂಡೆಯ ಮೇಲೆ ನೆಕ್ಕುತ್ತಿದ್ದ ತಾಯಿ ಕರಡಿ ತಟ್ಟನೆ ತಲೆಯೆತ್ತಿತು. ಗೋಪುರದ ಕಡೆ ಒಂದು ಕ್ಷಣ ದಿಟ್ಟಿಸಿ, ಮರಿಯನ್ನು ಬೆನ್ನಿಗೇರಿಸಿಕೊಂಡು, ಅರ್ಧ ಬೆಲ್ಲ ಅಲ್ಲೇ ಬಿಟ್ಟು ಗುಡ್ಡದ ಕಡೆ ದೌಡಾಯಿಸಿತು.

"ಅಜ್ಜ, ಈಗ ನೋಡು, ಖರೇನ ನಿನ್ನ ಸಿಳ್ಳಿ ಕೇಳ್ತು," ಎಂದಳು ಗಂಗೋತ್ರಿ.

ಹಾಲಸ್ವಾಮಿಯವರು ಗೋಪುರದ ಕಟಕಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ, ಎಲ್ಲರಿಗಿಂತ ಜೋರಾಗಿ ನಕ್ಕರು. ಹೋದ ಕರಡಿ ಮಾತ್ರ ಆ ದಿನ ಮತ್ತೆ ಇಳಿಯಲಿಲ್ಲ.