ಶುಕ್ರವಾರದ ಕೆಂಪು ಹೆಜ್ಜೆಗಳು ಮತ್ತು ನನ್ನ ಬಿ.ಎಸ್ಸಿ.

ನಾನು ಬಿ.ಎಸ್ಸಿ. ಮುಗಿಸಿದವಳು ಎಂದು ಮದುವೆಯಾದಾಗಿನಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೆ. ಇದರಲ್ಲಿ ಸುಳ್ಳು ಬಹಳ ಇರಲಿಲ್ಲ. ರಸಾಯನಶಾಸ್ತ್ರದ ಒಂದು ಪ್ರಾಕ್ಟಿಕಲ್ ಪರೀಕ್ಷೆಯಷ್ಟೇ ಸುಳ್ಳು. ಆ ಪರೀಕ್ಷೆಯ ದಿನ ಬೆಳಿಗ್ಗೆ ನನ್ನ ಗೆಳತಿಯರು ಬಿಳಿ ಕೋಟು ಹಾಕಿಕೊಂಡು ಲ್ಯಾಬಿಗೆ ಹೋದರು. ನಾನು ಹಳೇ ಸೀರೆ ಉಟ್ಟು ಅಂಗಳದಲ್ಲಿ ಮಣೆಯ ಮೇಲೆ ಕುಳಿತಿದ್ದೆ. ಐದು ಜನ ಮುತ್ತೈದೆಯರು ನನಗೆ ಅರಿಶಿನ ಹಚ್ಚುತ್ತಿದ್ದರು. ಮರುದಿನ ಮದುವೆ. “ಪರೀಕ್ಷಿ ಮುಂದಿನ ವರ್ಷನೂ ಬರ್ತೈತಿ, ಮುಹೂರ್ತ ಬರಂಗಿಲ್ಲ” ಎಂದಿದ್ದರು ನಮ್ಮ ಅಪ್ಪ. ಮುಂದಿನ ವರ್ಷ ಬಂದದ್ದು ಪರೀಕ್ಷೆಯಲ್ಲ, ಮಗ.

ಈಗ ಆ ಮಗ ಹಾಸ್ಟೆಲ್ ಸೇರಿದ ಮೇಲೆ, ವಿಶ್ವವಿದ್ಯಾಲಯದವರು ನನ್ನಂಥವರಿಗಾಗಿಯೇ ಎಂಬಂತೆ ಒಂದು ಪ್ರಕಟಣೆ ಹೊರಡಿಸಿದರು. ಹಳೆಯ ವಿಷಯ ಉಳಿಸಿಕೊಂಡವರಿಗೆ ಕಡೆಯ ಅವಕಾಶ, ಇದೊಂದು ಸಲ, ಮತ್ತಿಲ್ಲ. ನಾನು ಅಂದೇ ಅರ್ಜಿ ತುಂಬಿ, ಅಟ್ಟದ ಮೇಲಿದ್ದ ಹಳೇ ಪುಸ್ತಕಗಳನ್ನು ಇಳಿಸಿದೆ. ಅಷ್ಟಕ್ಕೇ ನಿಲ್ಲದೆ, ಪದವಿ ಪ್ರದಾನದ ದಿನ ಉಡಲೆಂದು ನೀಲಿ ಇಳಕಲ್ ಸೀರೆಯೊಂದನ್ನು ಕೊಂಡು ಬೀರುವಿನಲ್ಲಿ ಇಟ್ಟೆ. ಒಂದೇ ಪ್ರಾಕ್ಟಿಕಲ್ ತಾನೆ.

ಪರೀಕ್ಷೆಯಲ್ಲಿ ಮುಖ್ಯವಾದದ್ದು ಟೈಟ್ರೇಶನ್. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಬ್ಯುರೆಟ್ ಎಂಬ ಉದ್ದನೆಯ ಗಾಜಿನ ಕೊಳವೆಯಿಂದ ಕೆಳಗಿನ ಫ್ಲಾಸ್ಕಿನಲ್ಲಿರುವ ಆಮ್ಲಕ್ಕೆ ಕ್ಷಾರವನ್ನು ಹನಿಹನಿಯಾಗಿ ಬಿಡಬೇಕು. ಬಣ್ಣ ಬದಲಾದ ಹನಿಗೇ ಕೈ ನಿಲ್ಲಬೇಕು. ಒಂದು ಹನಿ ಹೆಚ್ಚಾದರೆ ಲೆಕ್ಕ ಕೆಟ್ಟಿತು. ನನ್ನ ಕೈಯೋ ಇಷ್ಟು ವರ್ಷ ಸಾರಿಗೆ ಉಪ್ಪನ್ನು ಅಂದಾಜಿನ ಮೇಲೆ ಹಾಕಿದ ಕೈ. ಅಭ್ಯಾಸ ಬೇಕೆಂದು ಕಾಲೇಜಿನ ಅಟೆಂಡರನ್ನು ಕೇಳಿ, ಮೂತಿ ಸ್ವಲ್ಪ ಒಡೆದ ಹಳೇ ಬ್ಯುರೆಟ್ ಒಂದನ್ನು ತಂದು ಅಡುಗೆಮನೆಯ ಕಿಟಕಿಯ ಸರಳಿಗೆ ಲಂಗದ ಲಾಡಿಯಿಂದ ಕಟ್ಟಿದೆ. ಅದರಲ್ಲಿ ವಾಷಿಂಗ್ ಸೋಡಾ ಕರಗಿಸಿದ ನೀರು ತುಂಬಿ ದಿನಾ ಬೆಳಿಗ್ಗೆ ಹನಿ ಬಿಡುತ್ತ ಕೂತೆ.

ಇದಾದ ಮೇಲೆ ಮೊದಲ ಶುಕ್ರವಾರ ಬಂತು.

ನಮ್ಮ ಅತ್ತೆಯವರು ಕಂಪ್ಲಿಯವರು. ಮಾವ ತೀರಿಕೊಂಡ ಮೇಲೆ ತಾವು ಅರಿಶಿನ ಮುಟ್ಟಿದವರಲ್ಲ. ಆದರೆ ಪ್ರತಿ ಶುಕ್ರವಾರ ನನಗಾಗಿ ಅರಿಶಿನ ಕಲಸಿ, ಹಿತ್ತಾಳೆ ಬಟ್ಟಲಲ್ಲಿ ಹಾಕಿ ಬಚ್ಚಲ ಬಾಗಿಲಲ್ಲಿ ಇಡುತ್ತಾರೆ. ಬೆರಳಿನಿಂದಲ್ಲ, ಚಮಚದಿಂದ ಕಲಸುತ್ತಾರೆ. ನಾನು ಸ್ನಾನ ಮಾಡಿ ಪಾದಕ್ಕೂ ಅಂಗಾಲಿಗೂ ದಪ್ಪಗೆ ಹಚ್ಚಿಕೊಂಡು ಹಾಲ್ ದಾಟಿ ದೇವರಮನೆಗೆ ಹೋಗಬೇಕು. ಅಂದೂ ಹಾಗೆಯೇ ಹೋದೆ. ಗೋಣಿತಾಟಿಗೆ ಕಾಲು ಒರೆಸಿಕೊಂಡು ಒಳಗೆ ನಿಂತು ದೀಪ ಹಚ್ಚುತ್ತಿದ್ದಾಗ ಹಾಲಿನಿಂದ ಅತ್ತೆಯವರ ದನಿ ಬಂತು.

“ಯಾರ್ ಬಂದ್ರು ಶಶಿ?”

“ಯಾರೂ ಇಲ್ರಿ ಅತ್ತಿ.”

“ಮತ್ತ ಇವು ಯಾರ ಹೆಜ್ಜಿ?”

ಹೊರಗೆ ಬಂದು ನೋಡಿದೆ. ಆಗಷ್ಟೇ ಒರೆಸಿದ ಬಿಳಿ ಟೈಲ್ಸಿನ ಮೇಲೆ ರಕ್ತದ ಬಣ್ಣದ ಹೆಜ್ಜೆಗಳು. ಬಚ್ಚಲ ಬಾಗಿಲಿನಿಂದ ಹೊರಟು ಹಾಲು ದಾಟಿ ದೇವರಮನೆಯವರೆಗೆ ಬಂದಿದ್ದವು. ಹೆಂಗಸಿನ ಕಾಲು. ಹೆಬ್ಬೆರಳಿನ ಪಕ್ಕದ ಬೆರಳಿನಲ್ಲಿ ಒಂದು ಸಣ್ಣ ಅಡ್ಡ ಗೆರೆ ಖಾಲಿ ಬಿಟ್ಟಿತ್ತು, ಕಾಲುಂಗುರ ಇದ್ದಂತೆ. ಕಿರುಬೆರಳಿನ ಗುರುತೇ ಇರಲಿಲ್ಲ. ಮೊದಲ ಹೆಜ್ಜೆ ಗಾಢ. ಬರಬರುತ್ತ ತಿಳಿಯಾಗಿ ಕೊನೆಯದರಲ್ಲಿ ಮೂರು ಬೆರಳು ಮಾತ್ರ ಉಳಿದಿದ್ದವು, ನಡೆಯುತ್ತ ನಡೆಯುತ್ತ ಅವಳ ಮೈಭಾರವೇ ಇಲ್ಲವಾದ ಹಾಗೆ.

ಅತ್ತೆಯವರು ಊರುಗೋಲಿನಿಂದ ಸಾಲನ್ನು ತೋರಿಸುತ್ತ ಹೋದರು. “ಒಳಗ ಬಂದಾಳ. ಹೊರಗ ಹೋಗಿಲ್ಲ.”

ದೇವರಮನೆಯಲ್ಲಿ ಇದ್ದವಳು ನಾನೊಬ್ಬಳೇ. ಗೋಡೆಗೆ ಬೆನ್ನು ಹಚ್ಚಿ ನಿಂತುಕೊಂಡೆ.

ಆದರೂ ನಾನು ವಿಜ್ಞಾನದ ವಿದ್ಯಾರ್ಥಿನಿ. ಹೆಜ್ಜೆಗಳು ನನ್ನವೇ ಇರಬಹುದೆಂಬ ಸಾಧ್ಯತೆಯನ್ನು ಮೊದಲಿಗೆ ಪರಿಶೀಲಿಸಿ ತಳ್ಳಿಹಾಕಿದೆ. ನನ್ನ ಕಾಲು ಹಳದಿ, ಹೆಜ್ಜೆ ಕೆಂಪು, ಆದ್ದರಿಂದ ನನ್ನವಲ್ಲ. ಇದಕ್ಕೆ ತರ್ಕ ಎನ್ನುತ್ತಾರೆ.

ನನ್ನ ಯಜಮಾನರು ಅದಿರು ಲಾರಿಗಳ ಬಿಡಿಭಾಗ ಮಾರುವವರು. ಊರಿನಲ್ಲಿ ಕೆಂಪಾದದ್ದೆಲ್ಲ ಅವರಿಗೆ ಒಂದೇ. “ಮೈನ್ಸ್ ಧೂಳು ಅದು. ಗಾದಿಗನೂರ್ ಕಡಿಂದ ಗಾಳಿ ಬಿಟ್ಟೈತಿ” ಎಂದು ರೊಟ್ಟಿ ಮುರಿದರು.

“ಧೂಳಿಗೆ ಕಾಲುಂಗುರ ಇರ್ತೈತೇನೋ?” ಎಂದರು ಅತ್ತೆಯವರು. ಯಜಮಾನರು ರೊಟ್ಟಿ ಅರ್ಧಕ್ಕೇ ಬಿಟ್ಟು ಅಂಗಡಿಗೆ ಹೋದರು.

ನಾನು ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತ ಕಿತ್ತು ಹೆಜ್ಜೆಗೆ ಹಿಡಿದೆ, ಏನೂ ಅಂಟಲಿಲ್ಲ. ಬೆರಳಿನಿಂದ ಉಜ್ಜಿದೆ, ಅದಿರಿನ ಧೂಳಿನಂತೆ ತರಿತರಿ ಇರಲಿಲ್ಲ. ರೆಕಾರ್ಡ್ ಪುಸ್ತಕದ ಹಿಂದಿನ ಪುಟದಲ್ಲಿ, ಕಾನ್ವೆಂಟಿನ ಸಿಸ್ಟರ್ ಕಲಿಸಿದ ದುಂಡು ಅಕ್ಷರದಲ್ಲಿ ಬರೆದೆ: ಪ್ರಯೋಗ, ಅಯಸ್ಕಾಂತ. ವೀಕ್ಷಣೆ, ಇಲ್ಲ. ನಿರ್ಣಯ... ಅಲ್ಲಿ ಪೆನ್ನು ನಿಂತಿತು.

ಪಕ್ಕದ ಮನೆಯ ಸುನಂದಕ್ಕನಿಗೆ ಮಧ್ಯಾಹ್ನದೊಳಗೆ ವಿಷಯ ಗೊತ್ತಾಗಿತ್ತು. ಹೆಜ್ಜೆಗಳ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಹೇಳಿದಳು: “ನಿಮಗಿಂತ ಮೊದ್ಲು ಈ ಮನ್ಯಾಗ ಇದ್ದವರ ಸೊಸಿ ಒಬ್ಬಾಕಿ ಇದ್ಲು. ಆಕಿನೂ ಹಿಂಗ ಮದುವ್ಯಾದ ಮ್ಯಾಲೆ ಕಾಲೇಜಿಗಿ ಹೋಗ್ತಿದ್ಲು. ಒಂದಿನ ಪರೀಕ್ಷಿ ಅಂತ ಹೋದಾಕಿ ತಿರುಗಿ ಬರ್ಲಿಲ್ಲ ನೋಡ್ರಿ.”

“ಏನಾತು ಆಕಿಗೆ?” ಅಂದೆ.

“ಏನೋ ಆತು” ಎಂದು ಸುನಂದಕ್ಕ ಎದ್ದು ಸೆರಗು ಕೊಡವಿ ಹೋದಳು. ಅವಳ ಒಲೆಯ ಮೇಲೆ ಹಾಲಿತ್ತಂತೆ.

ಮುಂದಿನ ಶುಕ್ರವಾರ ಅತ್ತೆಯವರು ಹಾಲಿನ ನಡುವೆ ಕುರ್ಚಿ ಹಾಕಿಕೊಂಡು ಕಾವಲಿಗೆ ಕೂತರು. ಇತ್ತೀಚೆಗಷ್ಟೇ ಪೊರೆ ತೆಗೆಸಿದ ಕಣ್ಣು. ಎದುರು ಮನೆಯ ಗೋಡೆಯ ಮೇಲಿನ ಹಲ್ಲಿಯೂ ಕಾಣುತ್ತದೆ. ನಾನು ನೆಲ ಒರೆಸಿದೆ, ಸ್ನಾನ ಮಾಡಿದೆ, ಅರಿಶಿನ ಹಚ್ಚಿಕೊಂಡು ಅವರ ಮುಂದೆಯೇ ನಡೆದು ದೇವರಮನೆ ಸೇರಿದೆ. ಗಂಟೆ ಬಾರಿಸಲು ಕೈ ಎತ್ತಿದ್ದೆ.

“ಶಶಿ.” ಅವರ ದನಿ ಬಹಳ ಮೆತ್ತಗಿತ್ತು. “ಹಿಂದ ತಿರುಗಬ್ಯಾಡ. ಅಲ್ಲೇ ನಿಂದ್ರು.”

“ಯಾಕ್ರಿ?”

“ನೀ ಹೋದಿ. ನಿನ್ನ ಬೆನ್ನ ಹಿಂದ ಆಕಿ ಬಂದ್ಲು. ಆಕಿ ಕಾಣ್ಲಿಲ್ಲವಾ, ಹೆಜ್ಜಿ ಅಷ್ಟೇ ಒಂದೊಂದಾಗಿ ಮೂಡಿದ್ವು. ನಿನ್ನ ಹತ್ರ ಬಂದು ನಿಂತಾಳ.”

ದೀಪದ ಬೆಳಕು ಗೋಡೆಯ ಮೇಲೆ ಅಲುಗಾಡಿತು. ಅದು ನನ್ನ ಉಸಿರಿಗೇ ಅಲುಗಾಡಿದ್ದು ಎಂದು ಈಗ ಹೇಳಬಲ್ಲೆ. ಆಗ ನನ್ನ ಉಸಿರು ನಡೆಯುತ್ತಿದೆ ಎಂಬ ನಂಬಿಕೆಯೇ ನನಗಿರಲಿಲ್ಲ.

ಅತ್ತೆಯವರು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ನಿಂಬೆಹಣ್ಣು ಕೊಯ್ದು ತಂದರು. ಮಂತ್ರ ಗಿಂತ್ರ ಅವರಿಗೆ ಬರುವುದಿಲ್ಲ. “ಶಿವಶಿವಾ” ಎನ್ನುತ್ತ ಹೆಜ್ಜೆಗಳ ಮೇಲೆ ಹಿಂಡುತ್ತ ಬಂದರು. ರಸ ಬಿದ್ದಲ್ಲೆಲ್ಲ ರಕ್ತ ನಮ್ಮಿಬ್ಬರ ಕಣ್ಣೆದುರಿಗೇ ಮಾಯವಾಯಿತು. ಒರೆಸಲಿಲ್ಲ, ತೊಳೆಯಲಿಲ್ಲ, ಹನಿ ಬಿತ್ತು, ಕೆಂಪು ಹೋಯಿತು.

ಅವತ್ತು ರೆಕಾರ್ಡ್ ಪುಸ್ತಕದಲ್ಲಿ ನಾನು ಏನನ್ನೂ ಬರೆಯಲಿಲ್ಲ. ಉಳಿದಿದ್ದ ಅರ್ಧ ನಿಂಬೆಹಣ್ಣನ್ನು ಮಾತ್ರ ದಿಂಬಿನ ಕೆಳಗೆ ಇಟ್ಟುಕೊಂಡೆ.

ಊಟದ ಹೊತ್ತಿಗೆ ಅತ್ತೆಯವರು ಮಗನಿಗೆ ತೀರ್ಪು ಹೇಳಿದರು. “ಆಕಿ ಶಶಿನ ಕರಕೊಂಡು ಹೋಗಾಕ ಬಂದಾಳ. ಆ ಪುಸ್ತಕ ಅಟ್ಟದಿಂದ ಇಳಿಸಿದ ಮ್ಯಾಲೇ ಇದೆಲ್ಲ ಶುರುವಾತು. ಇನ್ನೊಂದು ಶುಕ್ರವಾರ ನೋಡ್ತೀನಿ. ಹೆಜ್ಜಿ ಮೂಡಿದ್ವಂದ್ರ ಪರೀಕ್ಷಿ ಗಿರೀಕ್ಷಿ ಬ್ಯಾಡ, ಪುಸ್ತಕ ಅಟ್ಟಕ್ಕ. ನನಗ ಡಿಗ್ರಿ ಬ್ಯಾಡ, ಸೊಸಿ ಬೇಕು.”

ಇಷ್ಟು ಪ್ರೀತಿಯ ಮಾತಿಗೆ ಎದುರಾಡುವುದು ಹೇಗೆ? ತೊಂದರೆಯೆಂದರೆ, ಆ ಇನ್ನೊಂದು ಶುಕ್ರವಾರವೇ ನನ್ನ ಪ್ರಾಕ್ಟಿಕಲ್ ಪರೀಕ್ಷೆ.

ಆ ದಿನ ನಸುಕಿನಲ್ಲೇ ಎದ್ದು ಕೊನೆಯ ಬಾರಿ ಹನಿ ಬಿಡುವ ಅಭ್ಯಾಸ ಮಾಡಿದೆ. ನೆಲ ಒರೆಸಿದೆ. ಪರೀಕ್ಷೆಯ ದಿನವೆಂದು ಅತ್ತೆಯವರು ಬಟ್ಟಲ ತುಂಬ ಅರಿಶಿನ ಕಲಸಿಟ್ಟಿದ್ದರು. ಕಾಲಿಗೂ ಕೆನ್ನೆಗೂ ಅಂಗೈಗೂ ಹಚ್ಚಿಕೊಂಡೆ. ದೇವರಿಗೆ ಕೈ ಮುಗಿದು ಈಚೆ ಬಂದರೆ ಅವಳು ಬಂದಾಗಿತ್ತು. ಸಾಲು ಎಂದಿಗಿಂತ ಗಾಢ. ಅತ್ತೆಯವರು ಇನ್ನೂ ತಮ್ಮ ಕೋಣೆಯಲ್ಲಿ ಲಿಂಗಪೂಜೆಗೆ ಕೂತಿದ್ದರು. ನಾನು ಹಳೇ ಪೇಪರುಗಳನ್ನು ತಂದು ಹೆಜ್ಜೆಗಳ ಮೇಲೆ ಒಂದೊಂದಾಗಿ ಹಾಸಿದೆ. ನನ್ನನ್ನು ಕರೆದೊಯ್ಯಲು ಬಂದವಳಿಗೆ ನಾನೇ ಹೊದಿಕೆ ಹೊದಿಸುತ್ತಿದ್ದೇನೆ ಅನ್ನಿಸಿತು.

“ಏನಿದು ಪೇಪರ್?” ಎಂದರು ಅತ್ತೆಯವರು ಹೊರಬಂದು.

“ಧೂಳು ಭಾಳ ಬರ್ತೈತ್ರಿ ಅತ್ತಿ.”

ಅವರು ಪೇಪರನ್ನೂ ನೋಡಿದರು, ನನ್ನನ್ನೂ ನೋಡಿದರು. ಕುಂಕುಮ ಹಚ್ಚಿದ ನಿಂಬೆಹಣ್ಣೊಂದನ್ನು ಅಡ್ಡ ಕೊಯ್ದು, ಎರಡೂ ಹೋಳು ಕೂಡಿಸಿ ನನ್ನ ಚೀಲಕ್ಕೆ ಹಾಕಿದರು. “ಹತ್ರನ ಇಟ್ಕೋ. ಜಲ್ದಿ ಬಾ.”

ಲ್ಯಾಬಿನಲ್ಲಿ ನನ್ನ ಅಕ್ಕಪಕ್ಕ ನನ್ನ ಮಗನ ವಯಸ್ಸಿನವರು. “ಆಂಟಿ, ಬ್ಯುರೆಟ್ ನಳ ಲೀಕ್ ಐತಿ ನೋಡ್ರಿ” ಎಂದು ಒಂದು ಹುಡುಗಿ ಎಚ್ಚರಿಸಿದಳು. ನಾನು ತಲೆಯಾಡಿಸಿದೆ. ಮೇಲೆ ಸೋಡಿಯಂ ಹೈಡ್ರಾಕ್ಸೈಡ್, ಕೆಳಗೆ ಆಮ್ಲ, ಅದರಲ್ಲಿ ಬಣ್ಣ ಬದಲಿಸಿ ತೋರಿಸುವ ಸೂಚಕ, ಎರಡು ಹನಿ ಫಿನಾಲ್ಫ್ತಲೀನ್. ತಿಳಿ ಗುಲಾಬಿ ಬಂದು ನಿಂತರೆ ಮುಗಿಯಿತು. ಹನಿ, ಹನಿ, ಹನಿ. ಗುಲಾಬಿ ಬಂತು. ನಿಂತಿತು. ಇಷ್ಟು ವರ್ಷದ ಮೇಲೆ, ಸರಿಯಾದ ಹನಿಗೆ ನನ್ನ ಕೈ ನಿಂತಿತ್ತು. ಬ್ಯುರೆಟ್ ಮೇಲಿನ ಅಳತೆ ಬರೆದುಕೊಳ್ಳಬೇಕು, ಅಷ್ಟೇ.

ಅಷ್ಟರಲ್ಲಿ ಎಡಗೈ ಒದ್ದೆ ಅನ್ನಿಸಿ ನೋಡಿದೆ. ಅಂಗೈ ರಕ್ತಮಯ. ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಅದೇ ಕೆಂಪು, ಅದೇ ಗಾಢ. ನೋವಿಲ್ಲ, ಗಾಯವಿಲ್ಲ. ಅವಳು ಇಲ್ಲಿಯವರೆಗೂ ಬಂದಿದ್ದಳು. ಪರೀಕ್ಷೆ ಅಂತ ಹೋದಾಕಿ ತಿರುಗಿ ಬರ್ಲಿಲ್ಲ.

“ಅತ್ತೀ, ಬಂದ್ಲ್ರೀ” ಎಂದು ನಾನು ಕೂಗಿದ್ದು ಹೊರಗಿನ ಸೈಕಲ್ ಸ್ಟ್ಯಾಂಡಿಗೂ ಕೇಳಿಸಿತಂತೆ. ಚೀಲಕ್ಕೆ ಕೈ ಹಾಕಿ ನಿಂಬೆಹಣ್ಣು ತೆಗೆದು ಶಿವಶಿವಾ ಎನ್ನುತ್ತ ಕೈಮೇಲೆ ಹಿಂಡಿಕೊಂಡೆ. ಕೆಂಪು ಹೋಯಿತು. ಅದರ ಕೆಳಗೆ ಇದ್ದದ್ದು ಬೆಳಗಿನ ಅರಿಶಿನ, ಅತ್ತೆಯವರು ಕಲಸಿಟ್ಟದ್ದು, ಹಳದಿ.

ನಾನು ನೋಡಿದೆ. ಮತ್ತೆ ನೋಡಿದೆ. ಸೋರುವ ನಳಕ್ಕೆ ಬೇಕೆಂದೇ ಕೈ ಒಡ್ಡಿದೆ, ಕೆಂಪು. ನಿಂಬೆ, ಹಳದಿ. ಮನೆಯ ಸೋಡಾ ನೀರೂ ಕ್ಷಾರವೇ; ಅದನ್ನು ನಾನು ಏನು ಮಾಡುತ್ತಿದ್ದೆ? ನಮ್ಮಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ; ನೀರು ಚೆಲ್ಲುವುದು ಪಾಪವೆಂದು ಸಿಸ್ಟರ್ ಕಲಿಸಿದ್ದರು. ಅಭ್ಯಾಸ ಮುಗಿದ ಸೋಡಾ ನೀರನ್ನೆಲ್ಲ ನೆಲ ಒರೆಸುವ ಬಕೆಟ್ಟಿಗೆ ಸುರಿಯುತ್ತಿದ್ದೆ. ಅದರ ಮೇಲೆ ಅರಿಶಿನದ ಕಾಲಿಟ್ಟು ನಡೆದವಳು ಯಾರು? ಕಿರುಬೆರಳು ನೆಲಕ್ಕೆ ತಾಗದ ಕಾಲು ಯಾರದು? ಚಪ್ಪಲಿ ಬಿಟ್ಟು ಬಗ್ಗಿ ನೋಡಿಕೊಂಡೆ. ನನ್ನ ಕಿರುಬೆರಳು ಹುಟ್ಟಿದಾಗಿನಿಂದ ಪಕ್ಕದ ಬೆರಳಿನ ಮೇಲೆ ಮಲಗಿದೆ.

“ಆಕಿ ನಾನೇ!” ಎಂದೆ.

ಪರೀಕ್ಷಕರು ಬೇರೆ ಊರಿನಿಂದ ಬಂದ ವಯಸ್ಸಾದ ಮೇಷ್ಟ್ರು. ಮೆಲ್ಲಗೆ ಹತ್ತಿರ ಬಂದು ಮೊದಲು ನನ್ನ ಒಂದು ಬರಿಗಾಲನ್ನು, ಆಮೇಲೆ ಕುಂಕುಮದ ನಿಂಬೆಹಣ್ಣನ್ನು, ಕೊನೆಗೆ ಫ್ಲಾಸ್ಕನ್ನು ನೋಡಿದರು. ಫ್ಲಾಸ್ಕಿನಲ್ಲಿ ಗುಲಾಬಿ ಇರಲಿಲ್ಲ. ನಿಂಬೆರಸ ಅದರೊಳಕ್ಕೂ ಬಿದ್ದಿತ್ತು. ಬ್ಯುರೆಟ್ ಮಾತ್ರ ತನ್ನ ಪಾಡಿಗೆ ತಾನು ಸೋರಿ ಅರ್ಧ ಖಾಲಿಯಾಗಿತ್ತು.

“ಅಮ್ಮಾ, ನಿಮ್ಮ ರೀಡಿಂಗ್ ಎಷ್ಟು?”

“ಇಲ್ಲ ಸರ್. ದೆವ್ವ ಸಿಕ್ತು” ಎಂದೆ.

ಕುರ್ಚಿ ತರಿಸಿ ಕೂರಿಸಿದರು. ನಾನು ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. “ಟೈಟ್ರೇಶನ್‌ಗೆ ನಾನೇನೂ ಕೊಡೋಕಾಗಲ್ಲ. ವೈವಾಕ್ಕೆ ಒಂದೇ ಪ್ರಶ್ನೆ. ಮನೆಯಲ್ಲೇ ಸಿಗುವ ಸೂಚಕ ಒಂದನ್ನು ಹೇಳಿ.”

ನಾನು ಅಂಗೈ ತೋರಿಸಿದೆ.

“ಇದು ಹೈಸ್ಕೂಲ್ ಪಾಠದಲ್ಲೇ ಇದೆಯಲ್ಲಮ್ಮಾ” ಎಂದು ಏನೋ ಗೀಚಿಕೊಂಡರು.

ದೆವ್ವವನ್ನು ಬಿಡಿಸಿದ ಸಂತೋಷದಲ್ಲಿ ಆಟೋ ಹಿಡಿದು ಮನೆಗೆ ಬಂದರೆ ಬಾಗಿಲಲ್ಲಿ ತೋರಣ. ಪೇಪರುಗಳನ್ನು ಮಡಿಚಿ ಮೂಲೆಗೆ ಇಟ್ಟಿದ್ದರು. ಹಾಲಿನಲ್ಲಿ ಮಣೆಯ ಮೇಲೆ ಸುನಂದಕ್ಕ, ಮುಂದೆ ಎಲೆ, ಎಲೆಯಲ್ಲಿ ಹೋಳಿಗೆ. ಅವಳ ಮಡಿಲಲ್ಲಿ ಅಕ್ಕಿ, ತೆಂಗಿನಕಾಯಿ, ಹಸಿರು ಬಳೆ, ಮತ್ತು ನನ್ನ ನೀಲಿ ಇಳಕಲ್ ಸೀರೆ.

“ಸತ್ತ ಮುತ್ತೈದಿ ಹೆಸರಿನ್ಯಾಗ ಉಡಿ ತುಂಬಿದೆ” ಎಂದರು ಅತ್ತೆಯವರು. ನನ್ನನ್ನು ಕಂಡು ಅವರ ಕಣ್ಣು ಒದ್ದೆಯಾಗಿತ್ತು. “ಬೀರುದಾಗ ಇದ್ದ ಹೊಸಾ ಸೀರಿ ಇದೊಂದೇ. ಉಡಿ ಅಂದ್ರ ಹೊಸಾದ ಬೇಕು. ಆಕಿ ನಿನ್ನ ಬಿಟ್ಟು ಹೋದ್ಲು ನೋಡು, ನೀ ತಿರುಗಿ ಬಂದಿ.”

ನಾನು ಅಲ್ಲೇ ಕುಸಿದು ಕುಳಿತು ಸೋಡಾ, ಅರಿಶಿನ, ಕಿರುಬೆರಳು ಎಲ್ಲವನ್ನೂ ವಿವರಿಸಿದೆ. ಅತ್ತೆಯವರು ಪೂರ್ತಿ ಕೇಳಿಸಿಕೊಂಡರು.

“ಅರಿಶಿಣಕ್ಕ ಸುಣ್ಣ ಕೂಡಿಸಿದ್ರ ಕೆಂಪಾಕ್ಕೈತಿ. ಆರತಿ ನೀರು ಹಂಗಾ ಮಾಡ್ತೀವಲ್ಲ. ನೀನಾ ಎಷ್ಟು ಸಲ ಮಾಡಿಲ್ಲ? ಇದನ್ನ ಕಲಿಯಾಕ ಕಾಲೇಜಿಗಿ ಹೋಗಬೇಕಿತ್ತೇನವಾ?”

ಅವರಿಗೂ ಮೂರು ಶುಕ್ರವಾರ ಹೊಳೆದಿರಲಿಲ್ಲ ಎಂದು ಹೇಳುವ ಧೈರ್ಯ ನನಗೆ ಆಗಲಿಲ್ಲ. ಸುನಂದಕ್ಕನ ಕಡೆ ತಿರುಗಿದೆ. “ಆ ಹಳೇ ಮನಿಯವರ ಸೊಸಿ ಸತ್ತಿದ್ದು ಹೆಂಗ?”

“ಸತ್ಲು ಅಂತ ನಾ ಯಾವಾಗ ಅಂದೀನ್ರಿ?” ಸುನಂದಕ್ಕ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಹೇಳಿದಳು. “ತಿರುಗಿ ಬರ್ಲಿಲ್ಲ ಅಂದೆ. ಪಾಸಾಗಿ ದೋಣಿಮಲೈದಾಗ ಟೀಚರ್ ಆಗ್ಯಾಳ. ಮಸ್ತ್ ಅದಾಳ. ಇನ್ನ ಇಲ್ಲಿಗ್ಯಾಕ ಬರ್ತಾಳ?”

ಫಲಿತಾಂಶ ಬಂತು. ಪಾಸಾಗಲು ಎಷ್ಟು ಬೇಕೋ ಅಷ್ಟೇ ಅಂಕ. ಒಂದು ಹನಿ ಹೆಚ್ಚಿಲ್ಲ. ಉಡಿ ತುಂಬಿದ ಸೀರೆಯನ್ನು ವಾಪಸ್ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಆದ್ದರಿಂದ ಪದವಿ ಪ್ರದಾನಕ್ಕೆ ನಾನು ಹಳೇ ಸೀರೆಯಲ್ಲಿ ಹೋದೆ. ಜೊತೆಗೆ ಬಂದ ಸುನಂದಕ್ಕ ನೀಲಿ ಇಳಕಲ್ ಉಟ್ಟಿದ್ದಳು. ಪದವಿ ಅವಳದೆಂದುಕೊಂಡು ಇಬ್ಬರು ಮೂವರು ಅವಳನ್ನೇ ಅಭಿನಂದಿಸಿದರು.

ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಹಾಲಿನಲ್ಲಿ ತೂಗುಹಾಕಿದ್ದೇವೆ. ನೆಲವನ್ನು ಈಗ ಬರೀ ನೀರಿನಲ್ಲಿ ಒರೆಸುತ್ತೇನೆ. ಶುಕ್ರವಾರ ಅತ್ತೆಯವರು ಚಮಚದಲ್ಲಿ ಅರಿಶಿನ ಕಲಸಿಡುತ್ತಾರೆ, ನಾನು ಹಚ್ಚಿಕೊಂಡು ಆ ಚೌಕಟ್ಟಿನ ಕೆಳಗೇ ನಡೆದುಹೋಗುತ್ತೇನೆ. ನಡುವೆ ಒಂದು ಸಲ ನಿಲ್ಲುತ್ತೇನೆ. ವಿಜ್ಞಾನದ ಪದವೀಧರೆ ಬೆನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ತಿರುಗಿ ನೋಡಿ, ಆಮೇಲೆ ಮುಂದೆ ಹೋಗುತ್ತಾಳೆ.